ಗಾಳ ಹಾಕುವ ನೀರು ಯಾರದ್ದು? ಕಾವೇರಿಯಿಂದ ಮಂಜೀರಾವರೆಗೆ ಹವ್ಯಾಸಿಗಳು ತಿಳಿದಿರಬೇಕಾದ ವಿಷಯ

ರಜೆ ಸಿಕ್ಕಿದರೆ ಸಾಕು, ರಾಡ್-ರೀಲ್ ಹಿಡಿದು ನೇತ್ರಾವತಿ, ಫಲ್ಗುಣಿ ದಡಕ್ಕೋ ಅಳಿವೆ ಬಾಗಿಲಿಗೋ ಹೊರಡುವ ಯುವಕರು ಕರಾವಳಿಯಲ್ಲಿ ಬಹಳ ಮಂದಿ. ಕೆಲಸಕ್ಕೆಂದು ಬೆಂಗಳೂರು, ಹೈದರಾಬಾದ್ ಸೇರಿದವರು ಅಲ್ಲಿನ ಕೆರೆ, ಡ್ಯಾಂಗಳಿಗೂ ಗಾಳ ಒಯ್ಯುತ್ತಾರೆ. 'ನದಿ ಎಲ್ಲರದ್ದಲ್ವಾ, ಗಾಳ ಹಾಕಲಿಕ್ಕೆ ಯಾರನ್ನು ಕೇಳಬೇಕು?' ಅನ್ನೋದು ಸಾಮಾನ್ಯ ಮಾತು. ನದಿ ಎಲ್ಲರದ್ದು ಹೌದು. ಆದರೆ ಅದರ ಮೀನು ಹಿಡಿಯಲು ಎಲ್ಲ ಕಡೆಯೂ ಎಲ್ಲರಿಗೂ ಅನುಮತಿ ಇಲ್ಲ. ಇದು ಎಷ್ಟು ದೊಡ್ಡ ವಿಷಯ ಎಂಬುದನ್ನು ಕಾವೇರಿಯ ಅನುಭವ ತೋರಿಸಿಕೊಟ್ಟಿದೆ.

ಮಂಗಳೂರಿನಲ್ಲಿ ಅಚ್ಚಾದ ಪುಸ್ತಕ

ಭಾರತದಲ್ಲಿ ಹವ್ಯಾಸದ ಗಾಳಕ್ಕೆ ದಾರಿ ತೋರಿಸಿದ ಮುಖ್ಯ ಪುಸ್ತಕಗಳಲ್ಲಿ ಒಂದಾದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಬರೆದವರು ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್. ಗಾಳಗಾರರಿಗೆ ಆಗಲೂ ಈಗಲೂ ದೊಡ್ಡ ಆಸೆ ಮಹಶೀರ್ ಮೀನಿನದ್ದು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು.

ಕಾವೇರಿಯ ಕ್ಯಾಂಪ್‌ಗಳು

1972ರಲ್ಲಿ ಶುರುವಾದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಸಂಸ್ಥೆ ಕಾವೇರಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು, ಸದಸ್ಯರಿಗೆ ಗಾಳ ಹಾಕುವ ವ್ಯವಸ್ಥೆ ಮಾಡಿತು. ಆಮೇಲೆ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಕಳಿಯಲ್ಲಿ ಕ್ಯಾಂಪ್ ನಡೆಸಿತು. ಹೊರದೇಶಗಳಿಂದಲೂ ಜನ ಬಂದರು. ಹಿಡಿದ ಮೀನನ್ನು ತೂಗಿ, ಫೋಟೋ ತೆಗೆದು, ಜೀವಂತವಾಗಿ ಮತ್ತೆ ನೀರಿಗೆ ಬಿಡಬೇಕು ಎಂಬುದು ಅಲ್ಲಿನ ನಿಯಮ.

ಸುತ್ತಲಿನ ಹಳ್ಳಿಯವರಿಗೆ ಗೈಡ್ ಕೆಲಸ, ಕಾವಲು ಕೆಲಸ ಸಿಕ್ಕಿತು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರೇ ಗೈಡ್‌ಗಳಾದರು. ದಿನವಿಡೀ ನದಿಯಲ್ಲಿ ಜನ ಇದ್ದ ಕಾರಣ ತೋಟೆ ಹಾಕಿ ಮೀನು ಕೊಲ್ಲುವವರಿಗೆ ಧೈರ್ಯ ಕಡಿಮೆಯಾಯಿತು.

ಬಾಗಿಲು ಮುಚ್ಚಿದ್ದು ಹೇಗೆ?

ಈ ಕ್ಯಾಂಪ್‌ಗಳಿದ್ದ ಪ್ರದೇಶ 1987ರಲ್ಲಿ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಅಂದರೆ ಕೊಲ್ಲೋದು ಮಾತ್ರ ಅಲ್ಲ, ಹಿಡಿಯುವುದೂ ಹಿಡಿಯಲು ಪ್ರಯತ್ನಿಸುವುದೂ ಬೇಟೆಯೇ. ಹಾಗಿರುವಾಗ ಮತ್ತೆ ನೀರಿಗೆ ಬಿಡುತ್ತೇವೆ ಎಂಬ ವಾದ ಅಭಯಾರಣ್ಯದೊಳಗೆ ನಿಲ್ಲುವುದು ಕಷ್ಟ. 2012ರ ಹೊತ್ತಿಗೆ ಅಲ್ಲಿ ಗಾಳ ಪೂರ್ತಿ ನಿಂತಿತು. ಕ್ಯಾಂಪ್‌ಗಳು ಪ್ರವಾಸಿ ತಾಣಗಳಾಗಿ ಉಳಿದವು, ರಾಡ್ ಮಾತ್ರ ಹೊರಗೆ.

ಎರಡೂ ಕಡೆಯ ಮಾತಿನಲ್ಲಿ ಹುರುಳಿದೆ. ಒಂದು ಹವ್ಯಾಸಕ್ಕೆ ಅಭಯಾರಣ್ಯದಲ್ಲಿ ವಿನಾಯಿತಿ ಕೊಟ್ಟರೆ ನಾಳೆ ಇನ್ನೊಂದಕ್ಕೂ ಕೊಡಬೇಕಾದೀತು, ಗಾಳದ ಗಾಯದಿಂದ ಬಿಟ್ಟ ಮೀನೂ ಸಾಯಬಹುದು ಎಂಬುದು ಒಂದು ವಾದ. ನದಿಯಲ್ಲಿ ಸದಾ ಇರುತ್ತಿದ್ದ ಕಣ್ಣುಗಳು ಹೋದರೆ ತೋಟೆ, ವಿಷ ಹಾಕುವವರಿಗೆ ಸಲೀಸು ಎಂಬುದು ಇನ್ನೊಂದು.

ಗಾಳಗಾರರ ಲೆಕ್ಕದ ಪುಸ್ತಕ

ಗಾಳಿಬೋರೆ ಕ್ಯಾಂಪ್‌ನಲ್ಲಿ ಯಾರು, ಎಷ್ಟು ಹೊತ್ತು ಗಾಳ ಹಾಕಿದರು, ಯಾವ ಮೀನು ಸಿಕ್ಕಿತು, ತೂಕ ಎಷ್ಟು ಎಂದು ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ, 6,000ಕ್ಕೂ ಹೆಚ್ಚು ಮೀನುಗಳ ಈ ಲೆಕ್ಕವನ್ನು ಆಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದರು. ಒಟ್ಟಿನಲ್ಲಿ ಸಿಗುವ ಮೀನು ಹೆಚ್ಚಿತ್ತು, ಆದರೆ ಅದು ಮೊಟ್ಟೆಕೇಂದ್ರಗಳಲ್ಲಿ ಬೆಳೆಸಿ ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್. ಕಾವೇರಿಯದ್ದೇ ಆದ ಡುಬ್ಬದ ಮಹಶೀರ್ ಕಡಿಮೆಯಾಗುತ್ತಾ ಬಂದಿತ್ತು. 2018ರಲ್ಲಿ ಐಯುಸಿಎನ್ ಆ ಮೀನನ್ನು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಹವ್ಯಾಸಿಗಳು ಬರೆದಿಟ್ಟ ಲೆಕ್ಕ ಇಲ್ಲದಿದ್ದರೆ ಈ ಕುಸಿತ ಇಷ್ಟು ಸ್ಪಷ್ಟವಾಗಿ ಗೊತ್ತಾಗುತ್ತಿರಲಿಲ್ಲ.

ಒಂದೇ ನದಿ, ಬೇರೆ ಬೇರೆ ನಿಯಮ

ಕರ್ನಾಟಕದ ಗಡಿ ದಾಟಿದರೂ ಪ್ರಶ್ನೆ ಇದೇ. ಮಂಜೀರಾ ನದಿ ಬೀದರ್ ಜಿಲ್ಲೆಯನ್ನು ಹಾದು ತೆಲಂಗಾಣ ಸೇರುತ್ತದೆ. ಜಹೀರಾಬಾದ್ ಇರುವ ಸಂಗಾರೆಡ್ಡಿ ಜಿಲ್ಲೆಯಲ್ಲೇ ಅದಕ್ಕೆ ಸಿಂಗೂರು ಅಣೆಕಟ್ಟೆ ಇದೆ. ಸಿಂಗೂರಿನಿಂದ ಕೆಳಗೆ ಮಂಜೀರಾ ಅಣೆಕಟ್ಟೆಯವರೆಗಿನ ಸುಮಾರು 36 ಕಿ.ಮೀ. ನದಿ ವನ್ಯಜೀವಿಧಾಮ. ಅಲ್ಲಿ ಮೊಸಳೆಗಳಿವೆ, ಗಾಳಕ್ಕೆ ಜಾಗ ಇಲ್ಲ.

ತೆಲಂಗಾಣದ ಕೆರೆ, ಜಲಾಶಯಗಳಲ್ಲಿ ಸಾಮಾನ್ಯವಾಗಿ ಮೀನು ಹಿಡಿಯುವವರು ಮೀನುಗಾರರ ಸಹಕಾರ ಸಂಘದ ಸದಸ್ಯರು. ಸರಕಾರ ಮೀನುಮರಿ ಬಿಡುವುದೂ ಅವರ ಜೀವನೋಪಾಯಕ್ಕೆ. ಅಂಥ ನೀರಲ್ಲಿ ಕೇಳದೆ ಗಾಳ ಹಾಕೋದು ಅಂದರೆ ಇನ್ನೊಬ್ಬರ ಗದ್ದೆಗೆ ಇಳಿದು ತೆನೆ ಕೊಯ್ದ ಹಾಗೆ. ಸಂಘದವರನ್ನು ಮೊದಲೇ ಮಾತಾಡಿಸಿದರೆ ಜಗಳಕ್ಕೆ ಆಸ್ಪದ ಇರುವುದಿಲ್ಲ.

ಗಾಳ ಹಾಕುವ ಮೊದಲು

* ಜಾಗ ಅಭಯಾರಣ್ಯವೇ, ಗುತ್ತಿಗೆ ಕೊಟ್ಟ ಕೆರೆಯೇ ಅಂತ ಅರಣ್ಯ ಅಥವಾ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಪರವಾನಗಿ ಬೇಕಿದ್ದರೆ ಪಡೆದು ಜೊತೆಗಿಟ್ಟುಕೊಳ್ಳಿ.
* ಬೆಳ್ತಂಗಡಿ ತಾಲೂಕಿನ ಶಿಶಿಲದಂಥ ದೇವರ ಮೀನಿನ ಜಾಗಗಳಿಂದ ದೂರ ಇರಿ. 1996ರಲ್ಲಿ ಅಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತ ನೋವನ್ನು ಊರು ಇನ್ನೂ ಮರೆತಿಲ್ಲ.
* ತೋಟೆ, ವಿಷ ಹಾಕುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಕಂಡರೆ ಸುಮ್ಮನಿರಬೇಡಿ, ಇಲಾಖೆಗೆ ತಿಳಿಸಿ.
* ಮೊದಲ ಮಳೆಗೆ ಮೊಟ್ಟೆ ಇಡಲು ಮೇಲೆ ಬರುವ ಹತ್ತುಮೀನನ್ನು ಬಿಟ್ಟುಬಿಡಿ. ಒಂದು ಮೀನು ಹಿಡಿದರೆ ಹೋಗುವುದು ಸಾವಿರ ಮರಿ.
* ತುಂಡಾದ ನೂಲು, ಗಾಳ, ಪ್ಲಾಸ್ಟಿಕ್ ದಡದಲ್ಲಿ ಬಿಡಬೇಡಿ.
* ಸಿಕ್ಕಿದ ಮೀನಿನ ಜಾತಿ, ಅಳತೆ, ದಿನಾಂಕ ಬರೆದಿಡಿ.

ದೀನ್ ಏನು ಹೇಳುತ್ತದೆ?

ನೀರಿನ ಬೇಟೆ ಹಲಾಲ್ ಎಂಬುದಕ್ಕೆ ಸೂರಃ ಅಲ್ ಮಾಇದಃದ 96ನೇ ಆಯತ್ ಆಧಾರ. ಅದರ ಜೊತೆಗೆ, ಸುಮ್ಮನೆ ಮೋಜಿಗೆ ಜೀವ ತೆಗೆಯುವುದನ್ನು, ಪ್ರಾಣಿಗೆ ಹಿಂಸೆ ಕೊಡುವುದನ್ನು ಪ್ರವಾದಿ(ಸ) ತಡೆದಿದ್ದಾರೆ. ಮನೆಗೆ ಬೇಕಾದಷ್ಟು ಹಿಡಿದು, ಸಣ್ಣದನ್ನು ಬೇಗ ನೀರಿಗೆ ಬಿಡುವವನು ಈ ಎರಡೂ ಪಾಠವನ್ನು ಪಾಲಿಸಿದಂತೆ. ಹಿಡಿದು ಬಿಡುವುದನ್ನೇ ಆಟ ಮಾಡಿಕೊಳ್ಳುವ ಬಗ್ಗೆ ಸಂಶಯ ಇದ್ದವರು ಉಸ್ತಾದರನ್ನು ಕೇಳಿ ತಿಳಿಯುವುದು ಒಳ್ಳೆಯದು.

ಕಾವೇರಿಯಲ್ಲಿ ಮುಚ್ಚಿದ ಬಾಗಿಲು ಬೇರೆ ನದಿಗಳಲ್ಲೂ ಮುಚ್ಚಬಾರದು ಅಂತಿದ್ದರೆ ಒಬ್ಬೊಬ್ಬರೇ ವಾದ ಮಾಡಿದರೆ ಸಾಲದು. ಊರಿನ ಗಾಳಗಾರರು ಒಟ್ಟಾಗಿ, ಮೀನುಗಾರರ ಸಂಘದ ಜೊತೆ ಕೂತು, ಲೆಕ್ಕ ಇಟ್ಟುಕೊಂಡು ಇಲಾಖೆಯ ಮುಂದೆ ಹೋಗಬೇಕು. ನದಿಯನ್ನು ಕಾಯುವವರು ಎಂಬ ಹೆಸರು ಬಂದರೆ, ಗಾಳ ಹಾಕಲು ಜಾಗ ಕೇಳುವ ಬಾಯಿಗೂ ಬಲ ಬರುತ್ತದೆ.