ಬೆಟ್ಟವೇನೋ ಅದೇ, ಬಣ ಯಾವುದು?

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಬ್ಯಾಥರ್ಸ್ಟ್ ಊರಿನ ಅಂಚಿನಲ್ಲಿ ಮೌಂಟ್ ಪನೋರಮಾ ಎಂಬ ಗುಡ್ಡವಿದೆ. ಅದನ್ನು ಹತ್ತಿ ಇಳಿಯುವ 6.213 ಕಿಲೋಮೀಟರ್ ರಸ್ತೆ ವರ್ಷದ ಹೆಚ್ಚಿನ ದಿನ ಎಲ್ಲರೂ ಓಡಾಡುವ ಊರ ರಸ್ತೆಯೇ. ಪಕ್ಕದಲ್ಲಿ ಮನೆಗಳಿವೆ, ದ್ರಾಕ್ಷಿ ತೋಟವಿದೆ. ವೇಗದ ಮಿತಿ ಗಂಟೆಗೆ 60 ಕಿಲೋಮೀಟರ್. ಅಕ್ಟೋಬರ್ ಬಂತೆಂದರೆ ಅದೇ ರಸ್ತೆಯಲ್ಲಿ ರೇಸ್ ಕಾರುಗಳು 161 ಸುತ್ತು, ಅಂದರೆ ಸಾವಿರ ಕಿಲೋಮೀಟರ್ ಓಡುತ್ತವೆ. ನೆತ್ತಿಯ ಮೆಕ್‌ಫಿಲಾಮಿ ಪಾರ್ಕಿನಲ್ಲಿ ಅಭಿಮಾನಿಗಳು ದಿನಗಟ್ಟಲೆ ಮೊದಲೇ ಬಂದು ಡೇರೆ ಹೂಡುತ್ತಾರೆ. ಅಲ್ಲಿ ಹಾರುವ ಬಾವುಟಗಳಲ್ಲಿ ಎರಡಕ್ಕೆ ಮಾತ್ರ ಮರ್ಯಾದೆ: ಹೋಲ್ಡನ್‌ನ ಕೆಂಪು ಸಿಂಹ, ಫೋರ್ಡ್‌ನ ನೀಲಿ ಲಾಂಛನ. ಹೋಲ್ಡನ್ ಹೆಸರಿನ ಕಾರನ್ನು ಈಗ ಯಾರೂ ತಯಾರಿಸುತ್ತಿಲ್ಲ. ಸಿಂಹದ ಬಾವುಟವನ್ನು ಮಾತ್ರ ಜನ ಇನ್ನೂ ಹಿಡಿದು ಬರುತ್ತಾರೆ.

ಸೂಪರ್‌ಕಾರ್ಸ್ ಎಂದು ಹೆಸರಾದ ಈ ಟೂರಿಂಗ್ ಕಾರ್ ಸರಣಿ ಇನ್ನು ಯಾವ ದಾರಿ ಹಿಡಿಯಬೇಕು ಎಂಬ ಜಗಳ ಕೆಲವು ವರ್ಷಗಳಿಂದ ಜೋರಾಗಿದೆ. ವಿ8 ಎಂಜಿನ್ ಇರಬೇಕೇ, ಹೈಬ್ರಿಡ್ ಬರಬೇಕೇ? ಜಪಾನಿನ ಕಂಪನಿ ಒಳಗೆ ಬಂದರೆ ಒಳ್ಳೆಯದೇ? ಇಬ್ಬರ ಕಾರೂ ಸರಿಸಮ ಎಂದು ತೀರ್ಮಾನಿಸುವವರು ಯಾರು? ಕಿವಿಗೆ ಬೀಳುವುದೆಲ್ಲ ತಾಂತ್ರಿಕ ಪ್ರಶ್ನೆಗಳೇ. ಆದರೆ ಆರು ದಶಕಗಳ ಕಥೆಯನ್ನು ತಿರುವಿ ಹಾಕಿದರೆ ಬೇರೆಯೇ ಸಂಗತಿ ಕಾಣುತ್ತದೆ. ಇಲ್ಲಿ ನಿಯಮಗಳನ್ನು ಬರೆದವರು ಎಂಜಿನಿಯರುಗಳಾದರೂ, ಬರೆಸಿದ್ದು ಬಹುಮಟ್ಟಿಗೆ ಪ್ರೇಕ್ಷಕರ ಮನಸ್ಸು.

ಆಸ್ಟ್ರೇಲಿಯನ್ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್ ಮೊದಲು ನಡೆದದ್ದು 1960ರಲ್ಲಿ, ಆರೆಂಜ್ ಪಟ್ಟಣದಲ್ಲಿ. ಒಂದೇ ಒಂದು ರೇಸು, ಅದನ್ನು ಗೆದ್ದವರು ಜಾಗ್ವಾರ್ ಓಡಿಸಿದ ಡೇವಿಡ್ ಮೆಕ್‌ಕೇ. ಹಲವು ರೇಸುಗಳ ಸರಣಿಯಾಗಿ ಅದು ಬೆಳೆದದ್ದು 1969ರಲ್ಲಿ. ಜನರನ್ನು ಸೆಳೆದದ್ದು ಮಾತ್ರ ಇನ್ನೊಂದು ಸ್ಪರ್ಧೆ. 1960ರಲ್ಲೇ ಫಿಲಿಪ್ ದ್ವೀಪದಲ್ಲಿ ಶುರುವಾದ 500 ಮೈಲಿ ಓಟ 1963ರಲ್ಲಿ ಬ್ಯಾಥರ್ಸ್ಟ್‌ಗೆ ಬಂತು, 1973ರಲ್ಲಿ ಸಾವಿರ ಕಿಲೋಮೀಟರ್ ಆಯಿತು. ಷೋರೂಮಿನಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಕಾರನ್ನೇ ಓಡಿಸಬೇಕು ಎಂಬುದು ಅದರ ಜೀವಾಳ. ಪಕ್ಕದ ಮನೆಯವರ ಬಳಿ ಇರುವಂಥ ಕಾರೇ ಗುಡ್ಡ ಹತ್ತುತ್ತಿತ್ತು.

ಆ ಕಾರು ದೇಶದಲ್ಲೇ ತಯಾರಾದದ್ದು ಎಂಬುದೂ ಸಣ್ಣ ಸಂಗತಿಯಲ್ಲ. 1948ರ ನವೆಂಬರಿನಲ್ಲಿ ಮೊದಲ ಹೋಲ್ಡನ್ ಕಾರನ್ನು ಲೋಕಕ್ಕೆ ತೋರಿಸಿದ ಪ್ರಧಾನಿ ಬೆನ್ ಚಿಫ್ಲಿ ಹುಟ್ಟಿದ್ದು ಇದೇ ಬ್ಯಾಥರ್ಸ್ಟ್‌ನಲ್ಲಿ. ರಾಜಕೀಯಕ್ಕೆ ಬರುವ ಮೊದಲು ಅವರು ರೈಲು ಓಡಿಸುತ್ತಿದ್ದವರು. ಹೋಲ್ಡನ್‌ನ ಒಡೆತನ ಅಮೆರಿಕದ ಜನರಲ್ ಮೋಟಾರ್ಸ್‌ನದು, ಫೋರ್ಡ್ ಅಂತೂ ಹೆಸರಲ್ಲೇ ಅಮೆರಿಕನ್. ಜನರಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ಕಾರ್ಖಾನೆ ತಮ್ಮೂರಿನದು, ಅಲ್ಲಿ ದುಡಿಯುವವರು ತಮ್ಮವರು, ಅಷ್ಟು ಸಾಕಾಗಿತ್ತು. ಅಪ್ಪ ಯಾವ ಕಾರಿನವನೋ ಮಕ್ಕಳೂ ಅದೇ ಕಾರಿನವರು. ಮನೆದೇವರ ಹಾಗೆ, ಅದನ್ನು ಯಾರೂ ಆರಿಸಿಕೊಳ್ಳುತ್ತಿರಲಿಲ್ಲ.

1970 ಮತ್ತು 71ರಲ್ಲಿ ಆಲನ್ ಮೊಫಟ್ ಫೋರ್ಡ್ ಫಾಲ್ಕನ್‌ನಲ್ಲಿ ಬ್ಯಾಥರ್ಸ್ಟ್ ಗೆದ್ದರು. 1972ರಲ್ಲಿ ಹೋಲ್ಡನ್ ಟೊರಾನಾದಲ್ಲಿ ಪೀಟರ್ ಬ್ರಾಕ್ ಗೆದ್ದರು. ಅದೇ 1972ರಲ್ಲಿ ಮೊದಲ ದೊಡ್ಡ ಗಲಾಟೆಯೂ ಆಯಿತು. ರೇಸಿಗಾಗಿ ಇನ್ನೂ ವೇಗದ ಕಾರುಗಳು ರಸ್ತೆಗೆ ಬರಲಿವೆ ಎಂದು ಸಿಡ್ನಿಯ ಪತ್ರಿಕೆಯೊಂದು ಮುಖಪುಟದಲ್ಲಿ ಬೊಬ್ಬೆ ಹಾಕಿತು. ರಾಜಕಾರಣಿಗಳು ಎದ್ದು ನಿಂತರು, ಕಂಪನಿಗಳು ಹೆದರಿ ಯೋಜನೆ ಕೈಬಿಟ್ಟವು. ಮರುವರ್ಷದ ನಿಯಮದಲ್ಲಿ ರೇಸ್ ಕಾರಿಗೂ ಮನೆಯ ಕಾರಿಗೂ ಮೊದಲ ಬಿರುಕು ಬಿತ್ತು. ರೇಸಿಗೆ ಬೇಕಾದ ಭಾಗಗಳನ್ನು ಬೇರೆಯಾಗಿಯೇ ಜೋಡಿಸಬಹುದು ಎಂದಾಯಿತು. ‘ಈಗಿನ ರೇಸ್ ಕಾರು ನಿಜವಾದ ಕಾರೇ ಅಲ್ಲ’ ಎಂದು ಇಂದು ಗೊಣಗುವವರು ಆ ಗೊಣಗಾಟಕ್ಕೆ ಐವತ್ತು ವರ್ಷ ದಾಟಿದೆ ಎಂಬುದನ್ನು ಮರೆಯುತ್ತಾರೆ.

ಪ್ರೇಕ್ಷಕರು ಬರೀ ಪ್ರೇಕ್ಷಕರಾಗಿ ಉಳಿಯದ ದಿನವೊಂದಿದೆ. 1980ರ ಬ್ಯಾಥರ್ಸ್ಟ್‌ನಲ್ಲಿ ಬ್ರಿಸ್ಬೇನ್‌ನ ಡಿಕ್ ಜಾನ್ಸನ್ ಕೈಯಲ್ಲಿದ್ದುದನ್ನೆಲ್ಲ ಸುರಿದು ಕಟ್ಟಿದ ಫಾಲ್ಕನ್ ಎಲ್ಲರಿಗಿಂತ ಮುಂದೆ ಓಡುತ್ತಿತ್ತು. ಗುಡ್ಡ ಏರುವ ತಿರುವಿನಲ್ಲಿ ರಸ್ತೆಗೆ ಬಂದುಬಿದ್ದಿದ್ದ ಬಂಡೆಗೆ ಕಾರು ಬಡಿಯಿತು. ಪಕ್ಕಕ್ಕೆ ತಪ್ಪಿಸಿಕೊಳ್ಳೋಣವೆಂದರೆ ಅಲ್ಲಿ ಟೋಯಿಂಗ್ ಲಾರಿ ಅಡ್ಡ ಇತ್ತು. ಕಾರು ನಜ್ಜುಗುಜ್ಜಾಯಿತು. ಜಾನ್ಸನ್ ನೇರ ಪ್ರಸಾರದಲ್ಲೇ ಕಣ್ಣೀರು ತಡೆದುಕೊಂಡು ಮಾತಾಡಿದರು. ಟಿವಿ ಕೇಂದ್ರಕ್ಕೆ ಕರೆಗಳ ಮೇಲೆ ಕರೆ ಬಂದವು. ಹಣ ಕೊಡುತ್ತೇವೆ, ಇನ್ನೊಂದು ಕಾರು ಕಟ್ಟಲಿ ಎಂದು. ಜನ ಕೊಟ್ಟ ಪ್ರತಿ ಡಾಲರಿಗೆ ಫೋರ್ಡ್ ಒಂದು ಡಾಲರ್ ಸೇರಿಸಿತು. ಮರುವರ್ಷ ಜಾನ್ಸನ್ ಚಾಂಪಿಯನ್‌ಷಿಪ್ಪನ್ನೂ ಗೆದ್ದರು, ಬ್ಯಾಥರ್ಸ್ಟನ್ನೂ ಗೆದ್ದರು. ಅಭಿಮಾನಿಗಳ ಚಂದಾ ಹಣದಲ್ಲಿ ನಿಂತ ತಂಡ ಎಂಬ ಮಾತು ಅಂದಿನಿಂದ ಈ ಸರಣಿಯ ಪುರಾಣದಲ್ಲಿ ಸೇರಿಹೋಗಿದೆ. ನಮ್ಮ ಮಾತಿಗೆ ಇಲ್ಲಿ ಹಕ್ಕಿದೆ ಎಂದು ಜನ ಈಗಲೂ ನಂಬಿರುವುದಕ್ಕೆ ಅದೂ ಒಂದು ಕಾರಣ.

ಆ ಹಕ್ಕಿನ ಇನ್ನೊಂದು ಮುಖ 1992ರಲ್ಲಿ ಕಂಡಿತು. 1985ರಿಂದ ಅಂತರರಾಷ್ಟ್ರೀಯ ‘ಗ್ರೂಪ್ ಎ’ ನಿಯಮ ಜಾರಿಗೆ ಬಂದು ಬಿಎಂಡಬ್ಲ್ಯು, ವೋಲ್ವೊ, ಫೋರ್ಡ್‌ನ ಯುರೋಪಿಯನ್ ಸಿಯೆರಾಗಳು ಗೆಲ್ಲತೊಡಗಿದ್ದವು. ಕೊನೆಗೆ ನಾಲ್ಕೂ ಚಕ್ರಕ್ಕೆ ಬಲ ಹರಿಸುವ, ಎರಡು ಟರ್ಬೊ ಇರುವ ನಿಸಾನ್ ಜಿಟಿ-ಆರ್ ಬಂದು ಎಲ್ಲರನ್ನೂ ಮಣ್ಣು ಮುಕ್ಕಿಸಿತು. ಆಸ್ಟ್ರೇಲಿಯಾದ ಕಾರು ಪತ್ರಿಕೆಯೇ ಅದಕ್ಕೆ ‘ಗಾಡ್ಜಿಲ್ಲಾ’ ಎಂದು ಹೆಸರಿಟ್ಟಿತು. 1992ರ ಬ್ಯಾಥರ್ಸ್ಟ್‌ನಲ್ಲಿ ಮಳೆ ಸುರಿದು ಕಾರುಗಳು ಒಂದಾದ ಮೇಲೊಂದು ಜಾರಿ ಗುದ್ದಿಕೊಂಡವು. ರೇಸು ನಿಲ್ಲಿಸಿ ಹಿಂದಿನ ಸುತ್ತಿನ ಲೆಕ್ಕ ಹಿಡಿದಾಗ ಗೆದ್ದದ್ದು, ತಾನೂ ಗುದ್ದಿಕೊಂಡು ನಿಂತಿದ್ದ ನಿಸಾನ್. ಜಿಮ್ ರಿಚರ್ಡ್ಸ್ ಮತ್ತು ಮಾರ್ಕ್ ಸ್ಕೈಫ್ ವೇದಿಕೆ ಹತ್ತಿದಾಗ ಕೆಳಗಿದ್ದ ಜನ ಹೋ ಎಂದು ಕೂಗಿ ಅವಮಾನಿಸಿದರು. ಅದೇ ರೇಸಿನಲ್ಲಿ ತಮ್ಮ ಗೆಳೆಯ, 1967ರ ಫಾರ್ಮುಲಾ ಒನ್ ಚಾಂಪಿಯನ್ ಡೆನ್ನಿ ಹ್ಯೂಮ್ ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಆಗಷ್ಟೇ ರಿಚರ್ಡ್ಸ್ ಕಿವಿಗೆ ಬಿದ್ದಿತ್ತು. ಅವರು ಮೈಕಿನಲ್ಲೇ ಜನರನ್ನು ಬೈದರು, ದೇಶಕ್ಕೆ ದೇಶವೇ ಕೇಳಿಸಿಕೊಂಡಿತು.

ಈ ಕೂಗಿನಿಂದಲೇ ನಿಯಮ ಬದಲಾಯಿತು ಎಂದು ಹಲವರು ಹೇಳುವುದುಂಟು. ಅದು ಸರಿಯಲ್ಲ. 1993ರಿಂದ ಐದು ಲೀಟರಿನ ವಿ8 ಇರುವ ಫೋರ್ಡ್ ಫಾಲ್ಕನ್ ಮತ್ತು ಹೋಲ್ಡನ್ ಕಮೊಡೋರ್‌ಗಳೇ ಮುಖ್ಯ ಎಂಬ ತೀರ್ಮಾನ ಅಷ್ಟು ಹೊತ್ತಿಗೆ ಆಗಿಹೋಗಿತ್ತು. ಜನರ ಮುನಿಸು ಸಂಘಟಕರಿಗೆ ಮೊದಲೇ ತಿಳಿದಿತ್ತು, ವೇದಿಕೆಯ ಮುಂದೆ ಅದು ಬಾಯಿಬಿಟ್ಟಿತು, ಅಷ್ಟೆ. ಆ ತೀರ್ಮಾನ ಫಲ ಕೊಟ್ಟಿತು. ವಿ8 ಸೂಪರ್‌ಕಾರ್ಸ್ ಎಂಬ ಹೊಸ ಹೆಸರಿನಲ್ಲಿ ಸರಣಿ ಬೆಳೆಯಿತು. ಟಿವಿ ಹಕ್ಕಿನ ಜಗಳದಿಂದ 1997 ಮತ್ತು 98ರಲ್ಲಿ ಬ್ಯಾಥರ್ಸ್ಟ್‌ನಲ್ಲಿ ಸಾವಿರ ಕಿಲೋಮೀಟರ್ ಓಟಗಳು ಎರಡೆರಡು ನಡೆದವು. ಒಂದು ಓಟ ಎರಡು ಲೀಟರಿನ ಕಾರುಗಳದು, ಇನ್ನೊಂದು ವಿ8ಗಳದು. ಜನ ಯಾವುದಕ್ಕೆ ಹೋದರು ಎಂದು ಬಿಡಿಸಿ ಹೇಳಬೇಕಿಲ್ಲ. 2001ರಲ್ಲಿ ಹೋಲ್ಡನ್‌ನ ಕಣ್ಮಣಿ ಕ್ರೇಗ್ ಲೌಂಡ್ಸ್ ಫೋರ್ಡ್‌ಗೆ ಹೋದಾಗ ಕೆಂಪು ಬಣದವರು ಮನೆಯವನೇ ಕೈಕೊಟ್ಟ ಹಾಗೆ ನೊಂದರು. 2006ರಲ್ಲಿ ರ‍್ಯಾಲಿಯೊಂದರಲ್ಲಿ ಬ್ರಾಕ್ ಸತ್ತ ಮುಂದಿನ ತಿಂಗಳು, ಅವರ ಶಿಷ್ಯನಂತಿದ್ದ ಲೌಂಡ್ಸ್ ಫೋರ್ಡ್‌ನಲ್ಲೇ ಬ್ಯಾಥರ್ಸ್ಟ್ ಗೆದ್ದು ಬ್ರಾಕ್ ಹೆಸರಿನ ಟ್ರೋಫಿಯನ್ನು ಮೊದಲು ಎತ್ತಿದಾಗ ಎರಡೂ ಬಣ ಕಣ್ಣೊರೆಸಿಕೊಂಡವು.

ಅತ್ತ ಮಾರುಕಟ್ಟೆ ಬೇರೆ ದಾರಿ ಹಿಡಿದಿತ್ತು. ಜನ ದೊಡ್ಡ ಸೆಡಾನ್ ಬಿಟ್ಟು ಎಸ್‌ಯುವಿ ಮತ್ತು ಪಿಕಪ್‌ಗಳನ್ನು ಕೊಳ್ಳತೊಡಗಿದರು. ಆಮದು ಸುಂಕ ವರ್ಷದಿಂದ ವರ್ಷಕ್ಕೆ ಇಳಿಯಿತು. 2013ರಲ್ಲಿ ‘ಭವಿಷ್ಯದ ಕಾರು’ ಎಂಬ ನಿಯಮ ತಂದು ಬೇರೆ ಕಂಪನಿಗಳಿಗೆ ಬಾಗಿಲು ತೆರೆದರು. ನಿಸಾನ್, ಮರ್ಸಿಡಿಸ್, ವೋಲ್ವೊ ಬಂದವು, ಕೆಲವೇ ವರ್ಷಗಳಲ್ಲಿ ಹೋದವು. 2015ರಿಂದ ಎಲ್ಲ ರೇಸುಗಳ ನೇರ ಪ್ರಸಾರ ದುಡ್ಡು ಕೊಟ್ಟು ನೋಡುವ ವಾಹಿನಿಗೆ ಹೋದದ್ದು ಅಭಿಮಾನಿಗಳ ಇನ್ನೊಂದು ಹಳೆಯ ಹುಣ್ಣು. 2016ರ ಅಕ್ಟೋಬರಿನಲ್ಲಿ ಫೋರ್ಡ್ ಆಸ್ಟ್ರೇಲಿಯಾದಲ್ಲಿ ಕಾರು ತಯಾರಿಕೆ ನಿಲ್ಲಿಸಿತು. 2017ರ ಅಕ್ಟೋಬರ್ 20ರಂದು ಅಡಿಲೇಡ್ ಹೊರವಲಯದ ಎಲಿಜಬೆತ್ ಕಾರ್ಖಾನೆಯಿಂದ ಕೊನೆಯ ಹೋಲ್ಡನ್ ಹೊರಬಿತ್ತು. 2020ರ ಫೆಬ್ರವರಿಯಲ್ಲಿ ಜನರಲ್ ಮೋಟಾರ್ಸ್ ಆ ಹೆಸರನ್ನೇ ಮುಚ್ಚುವುದಾಗಿ ಹೇಳಿತು.

ಅಡಿಲೇಡ್ ಹೆಸರು ಬಂದದ್ದಕ್ಕೆ ಒಂದು ಉಪಕಥೆ. ಆ ನಗರದ ಬೀದಿಗಳಲ್ಲಿ ನಡೆಯುತ್ತಿದ್ದ ರೇಸನ್ನು 2020ರಲ್ಲಿ ರಾಜ್ಯದ ಲಿಬರಲ್ ಸರ್ಕಾರ ರದ್ದು ಮಾಡಿತು. ವಿರೋಧ ಪಕ್ಷದ ಪೀಟರ್ ಮಲಿನೌಸ್ಕಸ್ ಅದನ್ನು ಮರಳಿ ತರುವ ಭರವಸೆಯನ್ನು ಚುನಾವಣೆಗೆ ಒಯ್ದರು. 2022ರ ಮಾರ್ಚಿನಲ್ಲಿ ಗೆದ್ದರು, ಡಿಸೆಂಬರಿನಲ್ಲಿ ರೇಸು ನಡೆಯಿತು. ರೇಸೊಂದೇ ಅವರನ್ನು ಗೆಲ್ಲಿಸಿತು ಎನ್ನುವುದು ಅತಿಯಾದೀತು. ಆದರೂ ರಸ್ತೆ, ಆಸ್ಪತ್ರೆಗಳ ಜೊತೆ ಕಾರ್ ರೇಸೂ ಚುನಾವಣೆಯ ಮಾತಾಗುವ ರಾಜ್ಯಗಳು ಲೋಕದಲ್ಲಿ ಹೆಚ್ಚಿಲ್ಲ. ಹೋಲ್ಡನ್ ಕೊನೆಯದಾಗಿ ಓಡಿದ್ದು ಅಲ್ಲೇ, ತಾನು ತಯಾರಾಗುತ್ತಿದ್ದ ನಗರದಲ್ಲೇ. ಆ ಕೊನೆಯ ರೇಸನ್ನು ಯುವ ಚಾಲಕ ಬ್ರಾಕ್ ಫೀನಿ ಕಮೊಡೋರ್‌ನಲ್ಲಿ ಗೆದ್ದರು.

2023ರಲ್ಲಿ ‘ಜೆನ್3’ ಬಂತು. ಎಲ್ಲರಿಗೂ ಒಂದೇ ಚಾಸಿಸ್, ಒಂದೇ ಗೇರ್‌ಬಾಕ್ಸ್. ಮೇಲಿನ ದೇಹ ಮತ್ತು ಎಂಜಿನ್ ಮಾತ್ರ ಬೇರೆ. ಒಂದು ಕಡೆ ಫೋರ್ಡ್ ಮಸ್ಟಾಂಗ್, ಇನ್ನೊಂದು ಕಡೆ ಷೆವರ್ಲೆ ಕಮಾರೊ. ಈ ಕಾರಿಗೆ ಸ್ಟೀರಿಂಗ್ ಹಿಂದಿನ ಪ್ಯಾಡಲ್‌ನಿಂದ ಗೇರ್ ಹಾಕುವ ವ್ಯವಸ್ಥೆ ತರಲು ಹೊರಟಿದ್ದರು. ಚಾಲಕರು ಒಪ್ಪಲಿಲ್ಲ, ಅಭಿಮಾನಿಗಳು ರಂಪ ಮಾಡಿದರು, ಕೈಯಿಂದ ಎಳೆಯುವ ಗೇರ್ ಕೋಲು ಉಳಿಯಿತು. ಚಿಕ್ಕ ಗೆಲುವು. ದೊಡ್ಡ ವಿಚಿತ್ರವನ್ನು ಮಾತ್ರ ಯಾರಿಂದಲೂ ಸರಿಪಡಿಸಲಾಗಲಿಲ್ಲ: ಕಮಾರೊ ಆಗ ಆಸ್ಟ್ರೇಲಿಯಾದ ಯಾವ ಷೋರೂಮಿನಲ್ಲೂ ಮಾರಾಟಕ್ಕಿರಲಿಲ್ಲ. ಭಾನುವಾರ ಗೆದ್ದ ಕಾರು ಸೋಮವಾರ ಮಾರಾಟವಾಗುತ್ತದೆ ಎಂಬ ಹಳೆಯ ಲೆಕ್ಕಕ್ಕೆ ಇಲ್ಲಿ ಜಾಗವೇ ಇಲ್ಲ.

ಹೊಸ ಕಾರಿನ ಮೊದಲ ರೇಸೇ ಜಗಳದಲ್ಲಿ ಮುಗಿಯಿತು. ನ್ಯೂಕ್ಯಾಸಲ್‌ನಲ್ಲಿ ಮೊದಲ ಎರಡು ಸ್ಥಾನ ಪಡೆದ ಟ್ರಿಪಲ್ ಎಯ್ಟ್ ತಂಡದ ಎರಡೂ ಕಮಾರೊಗಳನ್ನು ಚಾಲಕನ ಮೈ ತಂಪಾಗಿಸುವ ಡ್ರೈ ಐಸ್ ಪೆಟ್ಟಿಗೆ ತಪ್ಪು ಜಾಗದಲ್ಲಿದೆ ಎಂದು ಅನರ್ಹಗೊಳಿಸಿದರು. ಆಮೇಲೆ ವರ್ಷವಿಡೀ ಫೋರ್ಡ್ ಕಡೆಯವರ ದೂರು: ಕಾರುಗಳು ಸರಿಸಮವಿಲ್ಲ, ನಮ್ಮದು ಗಾಳಿಯಲ್ಲಿ ಹಿಂದೆ ಬೀಳುತ್ತದೆ. ಬಹುಪಾಲು ರೇಸುಗಳನ್ನು ಕಮಾರೊಗಳೇ ಗೆದ್ದವು. ಕೊನೆಗೆ ಎರಡೂ ಕಾರನ್ನು ಅಮೆರಿಕದ ನಾರ್ತ್ ಕ್ಯಾರೊಲಿನಾಕ್ಕೆ ಸಾಗಿಸಿ ಗಾಳಿ ಸುರಂಗದಲ್ಲಿಟ್ಟು ಅಳೆದರು. 2019ರಲ್ಲಿ ಇದೇ ದೂರು ತಿರುಗುಮುರುಗಾಗಿತ್ತು. ಆಗ ಸ್ಕಾಟ್ ಮೆಕ್‌ಲಾಫ್ಲಿನ್‌ರ ಮಸ್ಟಾಂಗ್ ಗೆದ್ದು ಗೆದ್ದು ಹೋಲ್ಡನ್ ಕಡೆಯವರು ಬೊಬ್ಬಿಡುತ್ತಿದ್ದರು. ಕಾರಿನ ಒಳಗೆಲ್ಲ ಒಂದೇ ಆದಾಗ ವ್ಯತ್ಯಾಸ ಉಳಿಯುವುದು ಲಾಂಛನದಲ್ಲಿ ಮಾತ್ರ. ಆಗ ತಮ್ಮ ಲಾಂಛನ ಸೋತರೆ ಅದಕ್ಕೆ ಕಾರಣ ನಿಯಮವೇ ಇರಬೇಕು ಎಂದು ಅಭಿಮಾನಿಗೆ ತೋರುವುದು ಸಹಜವೇ.

ವಿ8 ಉಳಿಯಬೇಕೇ, ಬದಲಾವಣೆ ಬೇಕೇ ಎಂಬ ಜಗಳದಲ್ಲಿ ಬೇರೆ ದೇಶಗಳ ಉದಾಹರಣೆಗಳನ್ನೂ ಎರಡು ಕಡೆಯವರು ತಮ್ಮ ತಮ್ಮ ವಾದಕ್ಕೆ ಎಳೆದು ತರುತ್ತಾರೆ. ಜರ್ಮನಿಯ ಟೂರಿಂಗ್ ಕಾರ್ ಸರಣಿ ಡಿಟಿಎಂ ದುಬಾರಿ ಕಾರುಗಳ ಭಾರಕ್ಕೆ 1996ರಲ್ಲಿ ಒಮ್ಮೆ ಕುಸಿದು, 2000ದಲ್ಲಿ ಎದ್ದು, ಕಂಪನಿಗಳು ಮತ್ತೆ ಕೈಬಿಟ್ಟಾಗ 2021ರಲ್ಲಿ ಜಿಟಿ3 ಕಾರುಗಳಿಗೆ ಬದಲಾಯಿತು. ಹಾಗೆ ಮಾಡಿ ಡಿಟಿಎಂ ಬದುಕಿತು ಎಂದು ಒಬ್ಬರು, ಅದು ಟೂರಿಂಗ್ ಕಾರ್ ರೇಸೇ ಅಲ್ಲವಾಯಿತು ಎಂದು ಇನ್ನೊಬ್ಬರು. ಬ್ರಿಟನ್ನಿನ ಸರಣಿ 2022ರಲ್ಲಿ ಹೈಬ್ರಿಡ್ ತಂದು 2025ಕ್ಕೆ ಅದನ್ನು ಕಿತ್ತುಹಾಕಿತು. ಇದು ವಿ8 ಪಕ್ಷದವರಿಗೆ ಸಿಕ್ಕ ಬಲವಾದ ಸಾಕ್ಷಿ. ಆಸ್ಟ್ರೇಲಿಯಾದಲ್ಲಿ ಹೈಬ್ರಿಡ್ ಮಾತು ಸದ್ಯಕ್ಕೆ ತಣ್ಣಗಾಗಿದೆ, ಅದಕ್ಕೆ ಪರಿಸರಕ್ಕಿಂತ ಸದ್ದು ಮುಖ್ಯ ಕಾರಣ.

2025ರಲ್ಲಿ ಇನ್ನೊಂದು ಕಿಡಿ ಬಿತ್ತು. ಋತುವಿನ ಕೊನೆಗೆ ‘ಫೈನಲ್ಸ್’ ಸೇರಿಸಿ, ಅಂಕಗಳನ್ನು ಮರುಹೊಂದಿಸುವ ಪದ್ಧತಿ ತಂದರು. ವರ್ಷದುದ್ದಕ್ಕೂ ಮುಂದಿದ್ದ ಫೀನಿ ಅಡಿಲೇಡ್‌ನ ಕೊನೆಯ ವಾರಾಂತ್ಯದಲ್ಲಿ ಪ್ರಶಸ್ತಿ ಕಳೆದುಕೊಂಡರು, ಚಾಜ್ ಮೋಸ್ಟರ್ಟ್ ಚಾಂಪಿಯನ್ ಆದರು. ಟಿವಿಗೆ ಇದಕ್ಕಿಂತ ಒಳ್ಳೆಯ ಅಂತ್ಯ ಬೇಕಿರಲಿಲ್ಲ. ಹತ್ತು ತಿಂಗಳ ದುಡಿಮೆಗೆ ಬೆಲೆ ಏನು ಎಂದು ಹಳಬರು ಕೇಳಿದ್ದರಲ್ಲೂ ನ್ಯಾಯವಿದೆ.

ಈ ಎಲ್ಲದರ ನಡುವೆ 2026ಕ್ಕೆ ಟೊಯೊಟಾ ಜಿಆರ್ ಸುಪ್ರಾದೊಂದಿಗೆ ಬರುವುದು ಗೊತ್ತಾಯಿತು. ಅದನ್ನು ತರುವ ಮುಖ್ಯ ತಂಡ ವಾಕಿನ್‌ಶಾ, ಒಂದು ಕಾಲದ ಹೋಲ್ಡನ್ ಅಧಿಕೃತ ತಂಡ. ನಡುವೆ ಅದು 2023ರಲ್ಲಿ ಫೋರ್ಡ್‌ಗೂ ಹೋಗಿ ಬಂತು. ಅತ್ತ ಹೋಲ್ಡನ್ ಹೆಸರಲ್ಲಿ ಪ್ರಶಸ್ತಿಗಳನ್ನು ಬಾಚಿಕೊಂಡಿದ್ದ ಟ್ರಿಪಲ್ ಎಯ್ಟ್ ತಂಡ ಅದೇ 2026ರಿಂದ ಫೋರ್ಡ್‌ನ ಮುಖ್ಯ ತಂಡ. ಹತ್ತಾರು ವರ್ಷ ಆ ತಂಡವನ್ನು ಶಪಿಸುತ್ತಿದ್ದ ನೀಲಿ ಬಣದವರು ಈಗ ಅದಕ್ಕೇ ಚಪ್ಪಾಳೆ ತಟ್ಟಬೇಕು. ಸುಪ್ರಾವನ್ನು ಒಪ್ಪದವರ ತಕರಾರು ನೇರವಾಗಿದೆ: ರಸ್ತೆಯ ಸುಪ್ರಾಗೆ ವಿ8 ಎಂಜಿನ್ನೇ ಇಲ್ಲ, ಅದರ ಎಂಜಿನ್ ಬಿಎಂಡಬ್ಲ್ಯುನದು, ಕಾರು ತಯಾರಾದದ್ದು ಆಸ್ಟ್ರಿಯಾದಲ್ಲಿ, ರೇಸಿಗಾಗಿ ಮಾತ್ರ ವಿ8 ಕೂರಿಸಿದ್ದಾರೆ. ಮಾತು ನಿಜವೇ. ಆದರೆ ‘ನಮ್ಮ ನೆಲದ ಕಾರು’ ಎಂಬ ಅಳತೆಗೋಲನ್ನೇ ಹಿಡಿದರೆ ಟೊಯೊಟಾ ಕಂಪನಿಯ ಲೆಕ್ಕ ಬೇರೆಯೇ ಬರುತ್ತದೆ. ಆಸ್ಟ್ರೇಲಿಯಾದಲ್ಲಿ ಅದರ ಕಾರುಗಳ ಜೋಡಣೆ ಶುರುವಾದದ್ದು 1963ರಲ್ಲಿ, ಮೆಲ್ಬರ್ನ್‌ನಲ್ಲಿ. ಅದರ ಆಲ್ಟೋನಾ ಕಾರ್ಖಾನೆ ಮುಚ್ಚಿದ್ದು 2017ರ ಅಕ್ಟೋಬರ್ 3ರಂದು, ಕೊನೆಯ ಹೋಲ್ಡನ್ ಹೊರಬರುವುದಕ್ಕೆ ಹದಿನೇಳು ದಿನ ಮೊದಲು. ಆಲ್ಟೋನಾದಲ್ಲಿ ದುಡಿದವರ ಮಕ್ಕಳೂ ಗುಡ್ಡಕ್ಕೆ ಬಂದಿರುತ್ತಾರೆ. ಅವರಿಗೆ ಇಷ್ಟು ವರ್ಷ ಕೂಗಲು ಸ್ವಂತದ್ದೊಂದು ಕಾರು ಇರಲಿಲ್ಲ.