ಕೋಶತಳಿಗಳ ಕಲಬೆರಕೆ ಮತ್ತು ತಪ್ಪು ಗುರುತು

ಮನುಷ್ಯನ ಅಂಗಾಂಶದಿಂದ, ಬಹುಮಟ್ಟಿಗೆ ಕ್ಯಾನ್ಸರ್ ಗೆಡ್ಡೆಯಿಂದ, ತೆಗೆದು ಪ್ರಯೋಗಾಲಯದಲ್ಲಿ ತಲೆಮಾರುಗಟ್ಟಲೆ ಬೆಳೆಸುತ್ತ ಬರುವ ಜೀವಕೋಶಗಳ ಸಂತತಿಯೇ ಕೋಶತಳಿ (ಸೆಲ್ ಲೈನ್). ಕ್ಯಾನ್ಸರ್ ಹೇಗೆ ಹುಟ್ಟುತ್ತದೆ, ಯಾವ ಔಷಧಕ್ಕೆ ಮಣಿಯುತ್ತದೆ ಎಂಬುದರ ಮೊದಲ ಪರೀಕ್ಷೆ ಸಾಮಾನ್ಯವಾಗಿ ಇವುಗಳ ಮೇಲೆ ನಡೆಯುತ್ತದೆ. ಒಂದು ತಳಿಯೊಳಗೆ ಮತ್ತೊಂದು ತಳಿಯ ಕೋಶಗಳು ಸೇರಿಕೊಂಡು ಮೂಲ ಕೋಶಗಳನ್ನೇ ಇಲ್ಲವಾಗಿಸುವುದಕ್ಕೆ ಅಡ್ಡ ಕಲಬೆರಕೆ ಎಂದೂ, ತನ್ನದಲ್ಲದ ಅಂಗ, ರೋಗಿ ಅಥವಾ ಪ್ರಾಣಿಯ ಹೆಸರಿನಲ್ಲಿ ತಳಿಯೊಂದು ಬಳಕೆಯಾಗುವುದಕ್ಕೆ ತಪ್ಪು ಗುರುತು ಎಂದೂ ಹೇಳುತ್ತಾರೆ. ಮೊದಲನೆಯದು ಎರಡನೆಯದಕ್ಕೆ ಮುಖ್ಯ ಕಾರಣ. 1950ರ ದಶಕದಲ್ಲಿ ಶುರುವಾದ ಈ ತೊಡಕು 1966ರಲ್ಲೇ ಬಯಲಾಗಿದ್ದರೂ ಇನ್ನೂ ಪೂರ್ತಿ ನೀಗಿಲ್ಲ.

ಕಲಬೆರಕೆ ಆಗುವ ಬಗೆ

ಬೇರೆ ಬೇರೆ ತಳಿಗಳಿಗೆ ಒಂದೇ ಬಾಟಲಿಯ ಪೋಷಕ ದ್ರವ ಹಾಕುವುದು, ಒಂದು ಫ್ಲಾಸ್ಕಿಗೆ ಬಳಸಿದ ಪಿಪೆಟ್ಟನ್ನು ಇನ್ನೊಂದಕ್ಕೆ ಅದ್ದುವುದು, ಎರಡು ತಳಿಗಳನ್ನು ಒಟ್ಟೊಟ್ಟಿಗೆ ತೆರೆದಿಟ್ಟು ಕೆಲಸ ಮಾಡುವುದು, ದ್ರವ ಸಾರಜನಕದ ತೊಟ್ಟಿಯಲ್ಲಿಡುವ ಸೀಸೆಗೆ ತಪ್ಪು ಚೀಟಿ ಅಂಟಿಸುವುದು ಇವೇ ಸಾಮಾನ್ಯ ಕಾರಣಗಳು. ಸಣ್ಣದೊಂದು ಹನಿಯಲ್ಲಿ ಬಂದ ಕೆಲವೇ ಕೋಶಗಳು ಸಾಕು. ಮುಂದೆ ವಿವರಿಸಲಿರುವ ಹೀಲಾದಂಥ ತಳಿಯ ಕೋಶಗಳು ದಿನಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಗೆಡ್ಡೆಯಿಂದ ಹೊಸದಾಗಿ ತೆಗೆದ ಕೋಶಗಳಾದರೋ ನಿಧಾನವಾಗಿ ಬೆಳೆಯುತ್ತವೆ. ಅನೇಕ ಸಲ ಬೆಳೆಯುವುದೇ ಇಲ್ಲ. ವಾರಗಟ್ಟಲೆ ಸುಮ್ಮನಿದ್ದ ಫ್ಲಾಸ್ಕಿನಲ್ಲಿ ಹಠಾತ್ತನೆ ಕೋಶಗಳು ಹುಲುಸಾಗಿ ಬೆಳೆದಾಗ, ತಳಿ ನೆಲೆಗೊಂಡಿತು ಎಂದು ಸಂಶೋಧಕರು ನಂಬಿದ ಎಷ್ಟೋ ಪ್ರಸಂಗಗಳಲ್ಲಿ ನೆಲೆಗೊಂಡದ್ದು ಹೊರಗಿನಿಂದ ಬಂದ ಕೋಶಗಳೇ. ಸೂಕ್ಷ್ಮದರ್ಶಕದಲ್ಲಿ ನೋಡಿ ಇದನ್ನು ಕಂಡುಹಿಡಿಯುವುದು ಕಷ್ಟ. ಫ್ಲಾಸ್ಕಿನ ತಳಕ್ಕೆ ಅಂಟಿ ಹಾಸಿನಂತೆ ಬೆಳೆಯುವ ಕೋಶಗಳು, ಯಾವ ಅಂಗದಿಂದ ಬಂದಿದ್ದರೂ, ಬಹಳ ಮಟ್ಟಿಗೆ ಒಂದೇ ತೆರನಾಗಿ ಕಾಣುತ್ತವೆ.

ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯ ಕೋಶತಳಿಗಳಿಗೆ ತಗಲುವುದು ಬೇರೆಯೇ ಬಗೆಯ ಮಾಲಿನ್ಯ. ಅದು ಕೋಶಗಳ ನಡವಳಿಕೆಯನ್ನು ಕೆಡಿಸುತ್ತದೆಯೇ ಹೊರತು ತಳಿಯ ಗುರುತನ್ನು ಬದಲಿಸುವುದಿಲ್ಲ.

ಹೀಲಾ ಮತ್ತು ಆರಂಭದ ವರ್ಷಗಳು

1951ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಗರ್ಭಕೊರಳಿನ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಆಫ್ರಿಕನ್-ಅಮೆರಿಕನ್ ಮಹಿಳೆಯ ಗೆಡ್ಡೆಯಿಂದ, ಆಕೆಯ ಅನುಮತಿಯಿಲ್ಲದೆ ತೆಗೆದ ತುಣುಕು ಜಾರ್ಜ್ ಗೈ ಅವರ ಪ್ರಯೋಗಾಲಯಕ್ಕೆ ಬಂತು. ಅದರಿಂದ ಬೆಳೆದ ಹೀಲಾ, ಕೃತಕವಾಗಿ ಎಡೆಬಿಡದೆ ಬೆಳೆಯುವ ಮೊದಲ ಮಾನವ ಕೋಶತಳಿಯಾಯಿತು. ಲ್ಯಾಕ್ಸ್ ಅದೇ ವರ್ಷ ಅಕ್ಟೋಬರ್ 4ರಂದು ತೀರಿಕೊಂಡರು. ಪೋಲಿಯೊ ಲಸಿಕೆಯ ಪರೀಕ್ಷೆಗೆ ಹೀಲಾ ಕೋಶಗಳು ದೊಡ್ಡ ಪ್ರಮಾಣದಲ್ಲಿ ಬೇಕಾದುದರಿಂದ ಕೆಲವೇ ವರ್ಷಗಳಲ್ಲಿ ಅವು ಅನೇಕ ದೇಶಗಳ ಪ್ರಯೋಗಾಲಯಗಳನ್ನು ತಲುಪಿದವು.

ಮುಂದಿನ ಹತ್ತು ವರ್ಷಗಳಲ್ಲಿ ಹೊಸ ಮಾನವ ತಳಿಗಳ ವರದಿಗಳು ಒಂದರ ಹಿಂದೊಂದು ಬಂದವು. ಯಕೃತ್ತಿನದೆಂದು ಚಾಂಗ್ ಲಿವರ್, ಧ್ವನಿಪೆಟ್ಟಿಗೆಯ ಕ್ಯಾನ್ಸರಿನದೆಂದು ಹೆಪ್-2, ಬಾಯಿಯ ಕ್ಯಾನ್ಸರಿನದೆಂದು ಕೆಬಿ, ಭ್ರೂಣದ ಕರುಳಿನದೆಂದು ಇಂಟೆಸ್ಟೈನ್ 407 ಬಳಕೆಗೆ ಬಂದವು. ಇದೇ ಹೊತ್ತಿಗೆ ಪ್ರತಿಕಾಯ ಪರೀಕ್ಷೆ ಮತ್ತು ಕ್ರೋಮೋಸೋಮುಗಳ ಎಣಿಕೆಯಿಂದ ಒಂದು ಪ್ರಾಣಿಯ ತಳಿಗೆ ಇನ್ನೊಂದು ಪ್ರಾಣಿಯ ಕೋಶಗಳು ಸೇರಿರುವುದು ಗೊತ್ತಾಗತೊಡಗಿತು. ಮಾನವ ಕೋಶಗಳೊಳಗೆ ಮಾನವ ಕೋಶಗಳೇ ಸೇರಿದ್ದರೆ ಬೇರ್ಪಡಿಸಿ ಹೇಳುವ ಉಪಾಯ ಆಗ ಇರಲಿಲ್ಲ.

ಗಾರ್ಟ್ಲರ್ ಅವರ ಶೋಧ

ಆ ಉಪಾಯವನ್ನು ಒದಗಿಸಿದವರು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಳಿವಿಜ್ಞಾನಿ ಸ್ಟ್ಯಾನ್ಲಿ ಗಾರ್ಟ್ಲರ್. ಮನುಷ್ಯರಲ್ಲಿ ಕೆಲವು ಕಿಣ್ವಗಳಿಗೆ ಆನುವಂಶಿಕವಾಗಿ ಬೇರೆ ಬೇರೆ ರೂಪಗಳಿರುತ್ತವೆ. ವಿದ್ಯುತ್ ಹಾಯಿಸಿದ ಪಿಷ್ಟದ ಜೆಲ್ಲಿನಲ್ಲಿ ಅವು ಬೇರೆ ಬೇರೆ ವೇಗದಲ್ಲಿ ಸರಿಯುತ್ತವೆ. ಬೇರೆ ಬೇರೆ ಮೂಲದವು ಎನ್ನಲಾದ 18 ಮಾನವ ತಳಿಗಳನ್ನು ಗಾರ್ಟ್ಲರ್ ಹೀಗೆ ಪರೀಕ್ಷಿಸಿದರು. ಎಲ್ಲವುಗಳಲ್ಲೂ ಜಿ6ಪಿಡಿ ಕಿಣ್ವದ 'ಎ' ರೂಪವೇ ಇತ್ತು. ಆಫ್ರಿಕನ್ ಮೂಲದವರಲ್ಲಿ ಕಾಣುವ ಈ ರೂಪ ಬಿಳಿಯರಲ್ಲಿ ತೀರ ಅಪರೂಪ. ಎರಡನೆಯ ಕಿಣ್ವವೊಂದರ ರೂಪವೂ ಎಲ್ಲದರಲ್ಲಿ ಒಂದೇ ಆಗಿತ್ತು. ಹೀಲಾದಲ್ಲಿದ್ದದ್ದೂ ಇದೇ ಜೋಡಿ. ಇವೆಲ್ಲ ಹೀಲಾ ಕೋಶಗಳಿಂದ ಕಲಬೆರಕೆಯಾಗಿವೆ ಎಂದು ಅವರು 1966ರಲ್ಲಿ ಪೆನ್ಸಿಲ್ವೇನಿಯದ ಬೆಡ್‌ಫರ್ಡಿನಲ್ಲಿ ನಡೆದ ಸಮ್ಮೇಳನದಲ್ಲಿ ಹೇಳಿದರು. 1968ರಲ್ಲಿ ಫಲಿತಾಂಶ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ತಳಿಗಳನ್ನು ನೆಚ್ಚಿ ವರ್ಷಗಟ್ಟಲೆ ದುಡಿದಿದ್ದ ಹಲವರು ಇದನ್ನು ಒಪ್ಪಲಿಲ್ಲ. ಪ್ರಯೋಗಗಳು ಹಳೆಯ ಹೆಸರುಗಳಲ್ಲೇ ಮುಂದುವರಿದವು.

ನೆಲ್ಸನ್-ರೀಸ್ ಅವರ ಪಟ್ಟಿಗಳು

1970ರ ದಶಕದ ಆರಂಭದಲ್ಲಿ ಕ್ರೋಮೋಸೋಮುಗಳಿಗೆ ಬಣ್ಣ ಕೊಟ್ಟು ಅವುಗಳ ಮೇಲಿನ ಪಟ್ಟೆಗಳನ್ನು ಗುರುತಿಸುವ ವಿಧಾನ ಬಂತು. ಹೀಲಾದಲ್ಲಿ ಕೆಲವು ವಿಲಕ್ಷಣ ಕ್ರೋಮೋಸೋಮುಗಳಿವೆ. ಐದನೆಯ ಕ್ರೋಮೋಸೋಮಿನ ಗಿಡ್ಡ ತೋಳು ಎರಡೂ ಬದಿಗೆ ಜೋಡಿಯಾಗಿ ನಿಂತಿರುವುದು ಅವುಗಳಲ್ಲೊಂದು. ಕ್ಯಾಲಿಫೋರ್ನಿಯದ ಓಕ್‌ಲ್ಯಾಂಡಿನಲ್ಲಿ ಕೋಶಗಳ ಭಂಡಾರ ನೋಡಿಕೊಳ್ಳುತ್ತಿದ್ದ ವಾಲ್ಟರ್ ನೆಲ್ಸನ್-ರೀಸ್ ಈ ಗುರುತುಗಳನ್ನೇ ಹಿಡಿದು ತಳಿಗಳನ್ನು ಜಾಲಾಡಿದರು. ಸೋವಿಯತ್ ಒಕ್ಕೂಟದ ಬೇರೆ ಬೇರೆ ಪ್ರಯೋಗಾಲಯಗಳಿಂದ ವಿಜ್ಞಾನ ವಿನಿಮಯದಡಿ ಅಮೆರಿಕಕ್ಕೆ ಬಂದ ಆರು ತಳಿಗಳೂ ಹೀಲಾ ಎಂದು ತೇಲಿದವು. 1974, 1976 ಮತ್ತು 1981ರಲ್ಲಿ ಅವರು 'ಸೈನ್ಸ್' ಪತ್ರಿಕೆಯಲ್ಲಿ ಕಲಬೆರಕೆಯ ತಳಿಗಳ ಹೆಸರುಗಳನ್ನು ಪ್ರಕಟಿಸಿದರು. ಹೆಸರು ಹೇಳಿದ್ದಕ್ಕಾಗಿ ಅವರು ತೀವ್ರ ವಿರೋಧ ಎದುರಿಸಬೇಕಾಯಿತು. 1981ರಲ್ಲಿ ಅವರು ನಿವೃತ್ತರಾದರು. ಅವರ ತೀರ್ಮಾನಗಳನ್ನು ಡಿಎನ್‌ಎ ಪರೀಕ್ಷೆಗಳು ಮುಂದೆ ಎತ್ತಿಹಿಡಿದವು.

ಡಿಎನ್‌ಎ ಗುರುತು

ಇಂಗ್ಲೆಂಡಿನ ಅಲೆಕ್ ಜೆಫ್ರೀಸ್ 1984ರಲ್ಲಿ ಕಂಡುಕೊಂಡ ಡಿಎನ್‌ಎ ಬೆರಳಚ್ಚು ವಿಧಾನದಿಂದ ಪ್ರತಿಯೊಂದು ತಳಿಯನ್ನೂ ಪ್ರತ್ಯೇಕವಾಗಿ ಗುರುತಿಸುವುದು ಸಾಧ್ಯವಾಯಿತು. ಈಗ ರೂಢಿಯಲ್ಲಿರುವುದು ಅದರ ಮುಂದಿನ ರೂಪವಾದ ಎಸ್‌ಟಿಆರ್ ಪರೀಕ್ಷೆ. ಡಿಎನ್‌ಎಯ ಕೆಲವು ನಿರ್ದಿಷ್ಟ ಜಾಗಗಳಲ್ಲಿ ಚಿಕ್ಕ ಅಕ್ಷರಗುಂಪೊಂದು ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಎಂಬುದು ಒಬ್ಬರಿಂದೊಬ್ಬರಿಗೆ ಬೇರೆ. ಹೀಲಾವನ್ನೇ ತೆಗೆದುಕೊಂಡರೆ, ಟಿಎಚ್01 ಎಂಬ ಜಾಗದಲ್ಲಿ 7 ಮಾತ್ರ, ಟಿಪಿಒಎಕ್ಸ್‌ನಲ್ಲಿ 8 ಮತ್ತು 12, ಡಿ5ಎಸ್818ರಲ್ಲಿ 11 ಮತ್ತು 12, ಡಿ13ಎಸ್317ರಲ್ಲಿ 12 ಮತ್ತು 13.3. ಇಂಥ ಹಲವು ಜಾಗಗಳ ಸಂಖ್ಯೆಗಳನ್ನು ಒಟ್ಟಿಗೆ ಬರೆದರೆ ಆ ತಳಿಯ ಗುರುತು ಸಿದ್ಧವಾಗುತ್ತದೆ. ಕ್ಯಾನ್ಸರ್ ಕೋಶಗಳು ಬೆಳೆಯುತ್ತ ಕೆಲವು ತುಣುಕುಗಳನ್ನು ಕಳೆದುಕೊಳ್ಳುವುದರಿಂದ ಪೂರ್ಣ ಹೊಂದಾಣಿಕೆ ನಿರೀಕ್ಷಿಸುವಂತಿಲ್ಲ, ಶೇ. 80ರಷ್ಟು ಅಥವಾ ಹೆಚ್ಚು ಹೊಂದಿದರೆ ಎರಡು ಮಾದರಿಗಳೂ ಒಂದೇ ಮೂಲದವು ಎಂದು ಪರಿಗಣಿಸುತ್ತಾರೆ. ಇದನ್ನು ಮಾನವ ತಳಿಗಳಿಗೆ ಅಂತರರಾಷ್ಟ್ರೀಯ ಮಾನದಂಡವಾಗಿ ಬಳಸಬೇಕೆಂದು ಲಂಡನ್ನಿನ ಜಾನ್ ಮಾಸ್ಟರ್ಸ್ ಮತ್ತು ಸಂಗಡಿಗರು 2001ರಲ್ಲಿ ಸೂಚಿಸಿದರು.

ಈ ಪರೀಕ್ಷೆಗಳು ಹೀಲಾದಾಚೆಗಿನ ಕಲಬೆರಕೆಯನ್ನೂ ಹೊರಗೆಳೆದವು. ಜರ್ಮನಿಯ ಕೋಶಭಂಡಾರ ಡಿಎಸ್‌ಎಂಝಡ್ 1999ರಲ್ಲಿ ವರದಿ ಮಾಡಿದಂತೆ, ಪರೀಕ್ಷಿಸಿದ 252 ಮಾನವ ಗೆಡ್ಡೆ ತಳಿಗಳಲ್ಲಿ 45 ಕಲಬೆರಕೆಯವು. ಅವುಗಳಲ್ಲಿ ಬಹಳಷ್ಟು, ತಳಿಯನ್ನು ಮೊದಲು ಬೆಳೆಸಿದವರ ಕೈಯಲ್ಲೇ ಕೆಟ್ಟಿದ್ದವು. ರಕ್ತನಾಳದ ಒಳಪದರದ್ದೆಂದು ಬಳಸುತ್ತಿದ್ದ ಇಸಿವಿ304, ಮೂತ್ರಕೋಶದ ಕ್ಯಾನ್ಸರಿನ ಟಿ24 ಆಗಿತ್ತು. 2008ರಲ್ಲಿ ಪರೀಕ್ಷೆಗೊಳಗಾದ 40 ಥೈರಾಯ್ಡ್ ಕ್ಯಾನ್ಸರ್ ತಳಿಗಳಲ್ಲಿ ಒಂದಕ್ಕಿಂತ ಒಂದು ಭಿನ್ನವಾದವು 23 ಮಾತ್ರ.

ಪರಿಣಾಮಗಳು

ಕಲಬೆರಕೆಯ ತಳಿಯಿಂದ ಬಂದ ಫಲಿತಾಂಶವೆಲ್ಲ ನಿರರ್ಥಕವಲ್ಲ. ಯಾವುದೇ ಮಾನವ ಕೋಶಕ್ಕೆ ಅನ್ವಯಿಸುವ ಸಂಗತಿಯೊಂದು ಹೀಲಾದಲ್ಲಿ ಕಂಡಿದ್ದರೂ ನಿಲ್ಲುತ್ತದೆ. ಆದರೆ ತೀರ್ಮಾನವು ಅಂಗದ ಹೆಸರನ್ನು ಅವಲಂಬಿಸಿದ್ದರೆ ಅದು ಬುಡಸಮೇತ ಬೀಳುತ್ತದೆ. ಎಂಡಿಎ-ಎಂಬಿ-435 ತಳಿಯನ್ನು ಸ್ತನ ಕ್ಯಾನ್ಸರ್ ಹರಡುವ ಬಗೆಯನ್ನು ಅರಿಯಲು ದಶಕಗಳ ಕಾಲ ಬಳಸಿದರು. ಅದರಲ್ಲಿ ಚರ್ಮದ ಕ್ಯಾನ್ಸರಾದ ಮೆಲನೋಮಾದ ಜೀನುಗಳು ಚುರುಕಾಗಿರುವುದು 2000ದಲ್ಲಿ ಕಂಡಿತು. ಅದು ಪುರುಷ ರೋಗಿಯೊಬ್ಬನಿಂದ ಬಂದ ಎಂ14 ಎಂಬ ಮೆಲನೋಮಾ ತಳಿಯೇ ಎಂಬುದು ಮುಂದಿನ ಪರೀಕ್ಷೆಗಳಿಂದ ಸ್ಥಿರಪಟ್ಟಿತು.

ಅನ್ನನಾಳದ ಕ್ಯಾನ್ಸರಿನ ಪ್ರಸಂಗ ಇನ್ನೂ ಗಂಭೀರ. ಬಳಕೆಯಲ್ಲಿದ್ದ ಮೂರು ತಳಿಗಳಲ್ಲಿ ಒಂದು ಶ್ವಾಸಕೋಶದ್ದು, ಇನ್ನೊಂದು ದೊಡ್ಡ ಕರುಳಿನದು, ಮತ್ತೊಂದು ಜಠರದ್ದು ಎಂದು 2010ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಅವುಗಳ ಆಧಾರದ ಮೇಲೆ 100ಕ್ಕೂ ಹೆಚ್ಚು ಪ್ರಬಂಧಗಳು, 11 ಅಮೆರಿಕನ್ ಪೇಟೆಂಟುಗಳು ಬಂದಿದ್ದವು. ರೋಗಿಗಳ ಮೇಲಿನ ಔಷಧ ಪರೀಕ್ಷೆಗಳೂ ಶುರುವಾಗಿದ್ದವು. ನೆದರ್ಲೆಂಡ್ಸಿನ ಇಬ್ಬರು ಸಂಶೋಧಕರು 2017ರಲ್ಲಿ ಲೆಕ್ಕ ಹಾಕಿದಂತೆ, ತಪ್ಪು ಗುರುತಿನ ತಳಿಗಳನ್ನು ಬಳಸಿದ ಪ್ರಬಂಧಗಳು 32,755.

ತಡೆಯುವ ಕ್ರಮಗಳು

2007ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತಳಿಗಳ ಗುರುತನ್ನು ದೃಢಪಡಿಸಿಕೊಳ್ಳಬೇಕೆಂದು ಸಂಶೋಧಕರಿಗೆ ಸೂಚನೆ ಹೊರಡಿಸಿತು. 2010ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಕಲಬೆರಕೆಯ 360 ತಳಿಗಳಿದ್ದವು. ಅವುಗಳಲ್ಲಿ 106ಕ್ಕೆ ಸೇರಿದ್ದು ಹೀಲಾ. ಆ ಪಟ್ಟಿಯನ್ನು ಮುಂದುವರಿಸಲು 2012ರಲ್ಲಿ ಐಸಿಎಲ್‌ಎಸಿ ಎಂಬ ಅಂತರರಾಷ್ಟ್ರೀಯ ಸಮಿತಿ ರಚನೆಯಾಯಿತು. ಅದರ ಪಟ್ಟಿ ಈಗ 500ನ್ನು ದಾಟಿದೆ. ಯಾರು ಬೇಕಾದರೂ ಹಣ ಕೊಡದೆ ನೋಡಬಹುದು. ಸ್ವಿಟ್ಜರ್ಲೆಂಡಿನಲ್ಲಿ ರೂಪುಗೊಂಡ ಸೆಲ್ಲೊಸಾರಸ್ ಎಂಬ ದತ್ತಕೋಶದಲ್ಲಿ ಪ್ರತಿ ತಳಿಯ ಮೂಲ, ಎಸ್‌ಟಿಆರ್ ಸಂಖ್ಯೆಗಳು ಮತ್ತು ಎಚ್ಚರಿಕೆಗಳು ಸಿಗುತ್ತವೆ. ಭಾರತದಲ್ಲಿ ಸಂಶೋಧಕರಿಗೆ ತಳಿಗಳನ್ನು ಒದಗಿಸುವ ರಾಷ್ಟ್ರೀಯ ಭಂಡಾರ ಪುಣೆಯ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರದಲ್ಲಿದೆ.

ಭಂಡಾರದಿಂದ ತಂದ ತಳಿಗೂ ಪರೀಕ್ಷೆ ಬೇಕು. ಸ್ವೀಡನ್ನಿನ ಉಪ್ಸಾಲದಲ್ಲಿ 1960ರ ದಶಕದಲ್ಲಿ ಬೆಳೆಸಿದ ಮಿದುಳು ಗೆಡ್ಡೆಯ ತಳಿ ಯು-87 ಎಂಜಿ ಇದಕ್ಕೆ ನಿದರ್ಶನ. ಪ್ರಪಂಚದಾದ್ಯಂತ ಮಾರಾಟವಾಗುತ್ತಿರುವ ಕೋಶಗಳು ಉಪ್ಸಾಲದಲ್ಲಿ ಉಳಿದಿದ್ದ ಮೂಲ ಗೆಡ್ಡೆಯ ಡಿಎನ್‌ಎಗೆ ಹೊಂದುವುದಿಲ್ಲವೆಂದು 2016ರಲ್ಲಿ ತಿಳಿಯಿತು. ಆದ್ದರಿಂದ ತಳಿ ಕೈಸೇರಿದಾಗ, ಹೊಸ ದಾಸ್ತಾನನ್ನು ಶೀತಲೀಕರಿಸುವಾಗ ಮತ್ತು ಪ್ರಬಂಧ ಬರೆಯುವ ಮುನ್ನ ಎಸ್‌ಟಿಆರ್ ಪರೀಕ್ಷೆ ನಡೆಸುವುದು, ಒಂದು ಸಲಕ್ಕೆ ಒಂದೇ ತಳಿಯನ್ನು ಹೊರತೆಗೆಯುವುದು, ಪ್ರತಿ ತಳಿಗೂ ಪ್ರತ್ಯೇಕ ದ್ರವದ ಬಾಟಲಿ ಇಡುವುದು ಉತ್ತಮ ಪ್ರಯೋಗಾಲಯದ ಕನಿಷ್ಠ ಶಿಸ್ತು ಎನಿಸಿದೆ. ಒಂದು ಎಸ್‌ಟಿಆರ್ ಪರೀಕ್ಷೆಗೆ ತಗಲುವ ವೆಚ್ಚ ಇಡೀ ಸಂಶೋಧನೆಯ ವೆಚ್ಚದಲ್ಲಿ ತೀರ ಅಲ್ಪ. ಕಲಬೆರಕೆ ಇಷ್ಟು ಕಾಲ ಉಳಿದುಬಂದದ್ದು ಪರೀಕ್ಷಿಸುವ ವಿದ್ಯೆಯ ಕೊರತೆಯಿಂದಲ್ಲ, ಪರೀಕ್ಷಿಸಲೇಬೇಕೆಂಬ ಕಟ್ಟುನಿಟ್ಟು ಇಲ್ಲದ್ದರಿಂದ.