ತಂತ್ರಾಂಶ ಯಾರ ಸ್ವತ್ತು? ಹವ್ಯಾಸಿ ಕಂಪ್ಯೂಟರ್ ಕೂಟಗಳ ವಾಗ್ವಾದ ಮತ್ತು ಕಾನೂನು

1969ರ ಮಧ್ಯಭಾಗದವರೆಗೆ ಐಬಿಎಂ ಕಂಪನಿಯ ಕಂಪ್ಯೂಟರನ್ನು ಬಾಡಿಗೆಗೆ ಪಡೆದ ಸಂಸ್ಥೆಗೆ ತಂತ್ರಾಂಶದ ಬಿಲ್ಲು ಬೇರೆಯಾಗಿ ಬರುತ್ತಿರಲಿಲ್ಲ. ಯಂತ್ರದ ಬಾಡಿಗೆಯಲ್ಲೇ ಅದು ಅಡಕವಾಗಿತ್ತು. ಆ ವರ್ಷದ ಜನವರಿಯಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ ಏಕಸ್ವಾಮ್ಯದ ಆರೋಪ ಹೊರಿಸಿ ಮೊಕದ್ದಮೆ ಹೂಡಿತು. ಯಂತ್ರಕ್ಕೂ ತಂತ್ರಾಂಶಕ್ಕೂ ಬೇರೆ ಬೇರೆ ಬೆಲೆ ಕಟ್ಟುವುದಾಗಿ ಕಂಪನಿ ಜೂನ್‌ನಲ್ಲಿ ಪ್ರಕಟಿಸಿತು. ತಂತ್ರಾಂಶವೂ ಮಾರಾಟದ ಸರಕು ಎಂಬ ಕಲ್ಪನೆ ದೊಡ್ಡ ವ್ಯವಹಾರಸ್ಥರಲ್ಲಿ ಬೇರುಬಿಡತೊಡಗಿದ್ದು ಹೀಗೆ. ಅದೇ ಪ್ರಶ್ನೆ ಸಾಮಾನ್ಯ ಬಳಕೆದಾರನ ಮನೆಬಾಗಿಲಿಗೆ ಬಂದದ್ದು ಆರೇಳು ವರ್ಷಗಳ ನಂತರ. ಬರಮಾಡಿಕೊಂಡವರು ಹವ್ಯಾಸಿಗಳು.

ಈ ವಾಗ್ವಾದದ ಬಗ್ಗೆ ಬರೆಯುವಾಗ ಬಿಲ್ ಗೇಟ್ಸ್ ಬರೆದ ಒಂದು ಪತ್ರವನ್ನೇ ಇಡೀ ಕಥೆಯಾಗಿಸುವ ರೂಢಿಯಿದೆ. ಹಣ ಕೊಡಬೇಕೆಂದವನು ಒಂದು ಕಡೆ, ಪುಕ್ಕಟೆ ಬೇಕೆಂದವರು ಇನ್ನೊಂದು ಕಡೆ ಎಂಬ ಚಿತ್ರ ಅದರಿಂದ ಮೂಡುತ್ತದೆ. ಇದು ಅರ್ಧ ಸತ್ಯ. ತಂತ್ರಾಂಶ ಬರೆದವರ ಶ್ರಮಕ್ಕೆ ಬೆಲೆ ಹೇಗೆ ಸಲ್ಲಬೇಕು ಎಂಬ ಪ್ರಶ್ನೆಗೆ ಹವ್ಯಾಸಿಗಳು ಮೂರು ಉತ್ತರ ಕೊಟ್ಟಿದ್ದರು: ಹಕ್ಕು ಕಾಯ್ದಿಟ್ಟು ಮಾರುವುದು, ನಕಲು ಮಾಡುವ ತಾಪತ್ರಯಕ್ಕಿಂತ ಕೊಳ್ಳುವುದೇ ಲೇಸೆನ್ನುವಷ್ಟು ಅಗ್ಗವಾಗಿ ಮಾರುವುದು, ಎಲ್ಲರೂ ಸೇರಿ ಬರೆದು ಹಂಚಿಕೊಳ್ಳುವುದು. ಕಾನೂನು ಇವುಗಳಲ್ಲಿ ಮೊದಲನೆಯದನ್ನು ಆಯ್ದುಕೊಂಡಿತು.

ಗ್ಯಾರೇಜಿನ ಸಭೆ

1975ರ ಜನವರಿ ಸಂಚಿಕೆಯ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಮುಖಪುಟದಲ್ಲಿ ಆಲ್ಟೇರ್ 8800 ಎಂಬ ಯಂತ್ರದ ಚಿತ್ರ ಅಚ್ಚಾಯಿತು. ನ್ಯೂಮೆಕ್ಸಿಕೊದ ಆಲ್ಬುಕರ್ಕಿಯಲ್ಲಿ ಎಡ್ ರಾಬರ್ಟ್ಸ್ ನಡೆಸುತ್ತಿದ್ದ ಎಂಐಟಿಎಸ್ ಎಂಬ ಸಣ್ಣ ಕಂಪನಿ ಅದನ್ನು ಬಿಡಿಭಾಗಗಳ ಕಿಟ್ ರೂಪದಲ್ಲಿ 400 ಡಾಲರ್ ಆಸುಪಾಸಿನ ಬೆಲೆಗೆ ಮಾರುತ್ತಿತ್ತು. ಒಳಗಿದ್ದದ್ದು ಇಂಟೆಲ್ 8080 ಚಿಪ್ ಮತ್ತು ಬರೀ 256 ಬೈಟ್ ಮೆಮೊರಿ. ಕೀಲಿಮಣೆಯಿಲ್ಲ, ಪರದೆಯಿಲ್ಲ. ಮುಂಭಾಗದ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಪ್ರೋಗ್ರಾಂ ತುಂಬಬೇಕಿತ್ತು.

ಆ ವರ್ಷದ ಮಾರ್ಚ್ 5ರಂದು ಮೆನ್ಲೊ ಪಾರ್ಕಿನಲ್ಲಿ ಗಾರ್ಡನ್ ಫ್ರೆಂಚ್ ಅವರ ಗ್ಯಾರೇಜಿನಲ್ಲಿ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ಬಿನ ಮೊದಲ ಸಭೆ ಸೇರಿತು. ಬಂದವರು ಮೂವತ್ತಕ್ಕೂ ಹೆಚ್ಚು ಮಂದಿ. ಸಭೆ ಕರೆದ ಇನ್ನೊಬ್ಬರು ಫ್ರೆಡ್ ಮೂರ್; 1959ರಲ್ಲಿ ಬರ್ಕ್‌ಲಿ ವಿಶ್ವವಿದ್ಯಾಲಯದ ಕಡ್ಡಾಯ ಸೈನಿಕ ತರಬೇತಿಯ ವಿರುದ್ಧ ಉಪವಾಸ ಕೂತಿದ್ದ ಶಾಂತಿವಾದಿ. ಮುಂದೆ ಸಭೆಗಳನ್ನು ನಡೆಸಿಕೊಟ್ಟ ಲೀ ಫೆಲ್ಸೆನ್‌ಸ್ಟೈನ್, 1973ರಲ್ಲಿ ಬರ್ಕ್‌ಲಿಯ ಗ್ರಾಮಫೋನ್ ತಟ್ಟೆಗಳ ಅಂಗಡಿಯೊಂದರಲ್ಲಿ ಸಾರ್ವಜನಿಕರ ಬಳಕೆಗೆಂದು ಕಂಪ್ಯೂಟರ್ ಟರ್ಮಿನಲ್ ಇಟ್ಟ ತಂಡದವರು. ಹೀಗಾಗಿ ಈ ಕೂಟದಲ್ಲಿ ಸರ್ಕ್ಯೂಟಿನ ಮಾತು ಹೇಗೋ ಹಾಗೆಯೇ ಸಮಾಜದ ಮಾತೂ ಸಹಜವಾಗಿ ನಡೆಯುತ್ತಿತ್ತು. ಕಂಪ್ಯೂಟರ್ ಸರ್ಕಾರ ಮತ್ತು ದೊಡ್ಡ ಕಂಪನಿಗಳ ಕೈಯಿಂದ ಜನರ ಕೈಗೆ ಬರಬೇಕೆಂಬುದು ಅಲ್ಲಿ ಬಹುಪಾಲು ಮಂದಿಯ ನಂಬಿಕೆ. ಸ್ಟೀವ್ ವೋಜ್ನಿಯಾಕ್ ಆ್ಯಪಲ್-1ರ ನಕಾಶೆಗಳನ್ನು ಸದಸ್ಯರಿಗೆ ಹಂಚಿದ್ದು ಈ ವಾತಾವರಣದಲ್ಲಿಯೇ.

ಒಂದು ಟೇಪು, ಒಂದು ಪತ್ರ

ಆಲ್ಟೇರ್ ಕೊಂಡವರಿಗೆ ತುರ್ತಾಗಿ ಬೇಕಾಗಿದ್ದದ್ದು ಬೇಸಿಕ್ ಭಾಷೆ. ಅದನ್ನು ಬರೆದವರು ಬಿಲ್ ಗೇಟ್ಸ್ ಮತ್ತು ಪಾಲ್ ಆ್ಯಲನ್. ದಶಮಾಂಶ ಲೆಕ್ಕಾಚಾರದ ಭಾಗ ಮಾಂಟೆ ಡೇವಿಡಾಫ್ ಅವರದು. ಎಂಐಟಿಎಸ್ ಅದನ್ನು ಮಾರುತ್ತಿತ್ತು, ಬರೆದವರಿಗೆ ಪ್ರತಿಯೊಂದಕ್ಕೆ ಇಂತಿಷ್ಟೆಂದು ರಾಯಧನ ಸಲ್ಲುತ್ತಿತ್ತು. ಕಂಪನಿಯ ಮೆಮೊರಿ ಬೋರ್ಡ್ ಜತೆಗೆ ಕೊಂಡರೆ ಬೇಸಿಕ್ ಅಗ್ಗ, ಬಿಡಿಯಾಗಿ ಕೊಂಡರೆ ದುಬಾರಿ. ಆದರೆ ಆ ಬೋರ್ಡುಗಳ ಬಗ್ಗೆ ಗಿರಾಕಿಗಳಿಂದ ದೂರುಗಳಿದ್ದವು; ಕ್ಲಬ್ಬಿನ ಸದಸ್ಯರೇ ಕಟ್ಟಿದ ಪ್ರೊಸೆಸರ್ ಟೆಕ್ನಾಲಜಿ ಎಂಬ ಸಂಸ್ಥೆಯ ಬೋರ್ಡುಗಳು ಚೆನ್ನಾಗಿ ಕೆಲಸ ಮಾಡುತ್ತಿದ್ದವು. ಬೋರ್ಡನ್ನು ಅಲ್ಲಿ ಕೊಂಡವನಿಗೆ ಬೇಸಿಕ್ ಮಾತ್ರ ಪೂರ್ತಿ ಬೆಲೆಗೆ ಬೀಳುತ್ತಿತ್ತು. ನಕಲು ಹಬ್ಬಿದ್ದರ ಹಿಂದೆ ಬೆಲೆ ಕಟ್ಟಿದ ಈ ಕ್ರಮದ ಪಾಲೂ ಇದೆ. ಪತ್ರವನ್ನಷ್ಟೇ ಓದಿದವರಿಗೆ ಇದು ಕಾಣುವುದಿಲ್ಲ.

1975ರ ಜೂನ್‌ನಲ್ಲಿ ಎಂಐಟಿಎಸ್ ತನ್ನ ಪ್ರದರ್ಶನ ವಾಹನವನ್ನು ಪಾಲೊ ಆಲ್ಟೊದ ಹೋಟೆಲೊಂದಕ್ಕೆ ತಂದಾಗ ಬೇಸಿಕ್ ಇದ್ದ ಕಾಗದದ ಟೇಪೊಂದು ಕೈ ಬದಲಾಯಿಸಿತು. ಮುಂದಿನ ದಿನಗಳಲ್ಲಿ ಕ್ಲಬ್ಬಿನ ಸಭೆಯಲ್ಲಿ ಅದರ ಹತ್ತಾರು ಪ್ರತಿಗಳು ಹಂಚಿಕೆಯಾದವು.

1976ರ ಫೆಬ್ರುವರಿ 3ರ ದಿನಾಂಕ ಹೊತ್ತ ‘ಹವ್ಯಾಸಿಗಳಿಗೆ ಬಹಿರಂಗ ಪತ್ರ’ ಇದಕ್ಕೆ ಗೇಟ್ಸ್ ಕೊಟ್ಟ ಉತ್ತರ. ತಾವು ಬಳಸಿದ ಕಂಪ್ಯೂಟರ್ ಸಮಯದ ಮೌಲ್ಯವೇ 40,000 ಡಾಲರ್ ದಾಟುತ್ತದೆ, ಆಲ್ಟೇರ್ ಇಟ್ಟುಕೊಂಡವರಲ್ಲಿ ಬೇಸಿಕ್ ಕೊಂಡವರು ಶೇ. 10ಕ್ಕಿಂತ ಕಡಿಮೆ, ಬಂದ ರಾಯಧನವನ್ನು ಹಂಚಿದರೆ ಗಂಟೆಗೆ 2 ಡಾಲರ್ ಕೂಲಿಯೂ ಗಿಟ್ಟುವುದಿಲ್ಲ ಎಂದು ಇಪ್ಪತ್ತರ ಆ ತರುಣ ಲೆಕ್ಕ ಮುಂದಿಟ್ಟ. ಸಂಬಳವಿಲ್ಲದೆ ವೃತ್ತಿಪರ ಗುಣಮಟ್ಟದ ಕೆಲಸ ಯಾರು ಮಾಡಿಯಾರು ಎಂಬುದು ಅವನ ಮುಖ್ಯ ಪ್ರಶ್ನೆ. ಅದರಲ್ಲಿ ನ್ಯಾಯವಿತ್ತು.

ಪ್ರತಿವಾದದಲ್ಲಿಯೂ ನ್ಯಾಯವಿತ್ತು. ಆ 40,000 ಡಾಲರ್ ಮೌಲ್ಯದ ಸಮಯವನ್ನು ಒದಗಿಸಿದ್ದು ಹಾರ್ವರ್ಡ್ ವಿಶ್ವವಿದ್ಯಾಲಯದ ಪಿಡಿಪಿ-10 ಯಂತ್ರ; ಅದಕ್ಕೆ ಹಣ ಹಾಕಿದ್ದು ಅಮೆರಿಕದ ರಕ್ಷಣಾ ಇಲಾಖೆ. ಸಾರ್ವಜನಿಕ ಹಣದ ಯಂತ್ರದಲ್ಲಿ ಹುಟ್ಟಿದ ಪ್ರೋಗ್ರಾಂ ಯಾರಿಗೆ ಸೇರಬೇಕೆಂದು ‘ಮೈಕ್ರೊ-8’ ಸುದ್ದಿಪತ್ರ ಎತ್ತಿದ ಆಕ್ಷೇಪಕ್ಕೆ ಈ ಆಧಾರವಿತ್ತು. ಬೇಸಿಕ್ ಭಾಷೆಯನ್ನು 1964ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ರೂಪಿಸಿದ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಅದನ್ನು ಎಲ್ಲರ ಬಳಕೆಗೆ ಬಿಟ್ಟುಕೊಟ್ಟವರು ಎಂಬುದನ್ನೂ ಇಲ್ಲಿ ನೆನೆಯಬೇಕು.

ಇನ್ನೆರಡು ಉತ್ತರಗಳು

ಮಾತಿಗಿಂತ ಗಟ್ಟಿಯಾದ ಪ್ರತಿವಾದ ಕೆಲಸದ ರೂಪದಲ್ಲಿ ಬಂತು. ಅದೂ ಪತ್ರಕ್ಕಿಂತ ಮೊದಲೇ ಆರಂಭವಾಗಿತ್ತು. ಬಾಬ್ ಆಲ್ಬ್ರೆಕ್ಟ್ ನಡೆಸುತ್ತಿದ್ದ ‘ಪೀಪಲ್ಸ್ ಕಂಪ್ಯೂಟರ್ ಕಂಪನಿ’ ಪತ್ರಿಕೆಯಲ್ಲಿ ಡೆನಿಸ್ ಆ್ಯಲಿಸನ್ 1975ರಲ್ಲಿ ‘ಟೈನಿ ಬೇಸಿಕ್’ನ ರೂಪರೇಖೆ ಪ್ರಕಟಿಸಿ, ಓದುಗರೇ ಅದನ್ನು ಬರೆದು ಮುಗಿಸಲಿ ಎಂದು ಕರೆಕೊಟ್ಟರು. ಟೆಕ್ಸಸ್‌ನಿಂದ ಇಬ್ಬರು ತಮ್ಮ ಆವೃತ್ತಿ ಕಳಿಸಿದರು. ಇಂಥವನ್ನು ಅಚ್ಚು ಹಾಕಲೆಂದೇ 1976ರ ಜನವರಿಯಲ್ಲಿ ‘ಡಾ. ಡಾಬ್ಸ್ ಜರ್ನಲ್’ ಹುಟ್ಟಿತು. ಅದರ ಸಂಪಾದಕ ಜಿಮ್ ವಾರೆನ್ ವಾದ ಸರಳ: ತಂತ್ರಾಂಶ ಉಚಿತವಾಗಿದ್ದರೆ, ಅಥವಾ ನಕಲು ಮಾಡುವುದಕ್ಕಿಂತ ಕೊಳ್ಳುವುದೇ ಸುಲಭವೆನ್ನುವಷ್ಟು ಅಗ್ಗವಾಗಿದ್ದರೆ, ಕಳ್ಳತನದ ಪ್ರಶ್ನೆಯೇ ಏಳದು. ಟಾಮ್ ಪಿಟ್‌ಮನ್ ಇದನ್ನು ಪರೀಕ್ಷೆಗೆ ಒಡ್ಡಿದರು. ಮೊಟೊರೋಲಾ 6800 ಚಿಪ್‌ಗೆ ಬರೆದ ತಮ್ಮ ಟೈನಿ ಬೇಸಿಕ್‌ಗೆ 5 ಡಾಲರ್ ಬೆಲೆಯಿಟ್ಟರು. ಗೆಳೆಯರಿಂದ ಪ್ರತಿ ಪಡೆದವರು ಕೂಡ ಹಣ ಕಳಿಸಿದ್ದುಂಟು.

ಹಂಚಿಕೆಯ ದಾರಿ ಹಿಡಿದವರಲ್ಲಿ ಲಿ-ಚೆನ್ ವಾಂಗ್ ಪ್ರಮುಖರು. ಅವರ ‘ಪಾಲೊ ಆಲ್ಟೊ ಟೈನಿ ಬೇಸಿಕ್’ 2 ಕಿಲೊಬೈಟ್‌ಗಿಂತ ಕಡಿಮೆ ಜಾಗದಲ್ಲಿ ಕೂರುತ್ತಿತ್ತು. ರೇಡಿಯೊ ಶ್ಯಾಕ್ 1977ರಲ್ಲಿ ಮಾರುಕಟ್ಟೆಗೆ ಬಿಟ್ಟ ಟಿಆರ್‌ಎಸ್-80 ಕಂಪ್ಯೂಟರಿನ ಮೊದಲ ಬೇಸಿಕ್‌ಗೆ ಇದೇ ತಳಹದಿ. ಮರುವರ್ಷ ಬಂದ ಎರಡನೆಯ ಹಂತದ ಬೇಸಿಕ್ ಮೈಕ್ರೊಸಾಫ್ಟ್‌ನದು. ಈ ಒಂದು ಸಂಗತಿಯಲ್ಲಿ ಹಂಚಿಕೆಯ ಶಕ್ತಿಯೂ ದೌರ್ಬಲ್ಯವೂ ಒಟ್ಟಿಗೆ ತೋರುತ್ತವೆ. ಉಚಿತವಾಗಿ ಹಂಚಿದ ಕೃತಿ ವ್ಯಾಪಾರದ ಯಂತ್ರವನ್ನು ನಡೆಸಬಲ್ಲಷ್ಟು ಗಟ್ಟಿಯಾಗಿತ್ತು. ಪಡೆದವರು ತಾವು ಮಾಡಿದ ತಿದ್ದುಪಡಿಗಳನ್ನು ಮರಳಿ ಹಂಚಬೇಕೆಂಬ ಕಟ್ಟುಪಾಡು ಮಾತ್ರ ಇರಲಿಲ್ಲ.

ಕಾನೂನಿನ ಆಯ್ಕೆ

ಇಷ್ಟೆಲ್ಲ ನಡೆಯುವಾಗ ವಾಷಿಂಗ್ಟನ್‌ನಲ್ಲಿ ಬೇರೊಂದು ಚರ್ಚೆ ಸಾಗಿತ್ತು. ಹೊಸ ತಂತ್ರಜ್ಞಾನ ಮತ್ತು ಕೃತಿಸ್ವಾಮ್ಯದ ಕುರಿತು ಅಮೆರಿಕದ ಸಂಸತ್ತು 1974ರಲ್ಲಿ ರಚಿಸಿದ ರಾಷ್ಟ್ರೀಯ ಆಯೋಗ 1978ರ ಜುಲೈನಲ್ಲಿ ವರದಿ ಕೊಟ್ಟು, ಪ್ರೋಗ್ರಾಂಗೆ ಕೃತಿಸ್ವಾಮ್ಯದ ರಕ್ಷಣೆ ಇರಲಿ ಎಂದಿತು. ಭಿನ್ನಮತ ದಾಖಲಿಸಿದವರು ಕಾದಂಬರಿಕಾರ ಜಾನ್ ಹರ್ಸಿ. ಪುಸ್ತಕ ಮನುಷ್ಯನೊಡನೆ ಮಾತಾಡುತ್ತದೆ, ಪ್ರೋಗ್ರಾಂ ಯಂತ್ರವನ್ನು ನಡೆಸುತ್ತದೆ. ಎರಡಕ್ಕೂ ಒಂದೇ ಕಾಯ್ದೆ ಸಲ್ಲದು ಎಂಬುದು ಅವರ ವಾದದ ತಿರುಳು. ಅವರ ಮಾತು ನಡೆಯಲಿಲ್ಲ. 1980ರ ಡಿಸೆಂಬರಿನಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ಪ್ರೋಗ್ರಾಂನ ಪ್ರತಿಯನ್ನು ಹೊಂದಿದವನು ಸುರಕ್ಷತೆಗಾಗಿ ಇನ್ನೊಂದು ಪ್ರತಿ ಇಟ್ಟುಕೊಳ್ಳಲು ಅದರಲ್ಲಿ ಅವಕಾಶ ಸಿಕ್ಕಿತು. 1983ರ ಆ್ಯಪಲ್-ಫ್ರಾಂಕ್ಲಿನ್ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯವು ಚಿಪ್‌ನೊಳಗೆ ಅಚ್ಚೊತ್ತಿದ ಯಂತ್ರಸಂಕೇತಕ್ಕೂ ಈ ರಕ್ಷಣೆ ಇದೆಯೆಂದು ತೀರ್ಪಿತ್ತಿತು.

ಹಂಚಿಕೆಯ ಪಕ್ಷ ಅಲ್ಲಿಗೆ ಸೋಲೊಪ್ಪಿಕೊಳ್ಳಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನು ಯೋಜನೆ ಸಾರಿದರು. 1989ರಲ್ಲಿ ಹೊರಬಂದ ಅವರ ಸಾಮಾನ್ಯ ಸಾರ್ವಜನಿಕ ಪರವಾನಗಿ ಕೃತಿಸ್ವಾಮ್ಯದ ಬಲದಿಂದಲೇ ಹಂಚಿಕೆಯನ್ನು ಕಡ್ಡಾಯ ಮಾಡಿತು: ಪಡೆದದ್ದನ್ನು ತಿದ್ದಿ ಹಂಚುವವನು ಸೋರ್ಸ್ ಕೋಡನ್ನೂ ಕೊಡಬೇಕು. ಟೈನಿ ಬೇಸಿಕ್ ಕಾಲದಲ್ಲಿ ಇಲ್ಲದ ಕಟ್ಟುಪಾಡು ಇದು.

ಭಾರತದಲ್ಲಿ ಮುಂದುವರಿದ ಚರ್ಚೆ

ಭಾರತ 1984ರ ತಿದ್ದುಪಡಿಯಲ್ಲಿ ಪ್ರೋಗ್ರಾಮನ್ನು ಸಾಹಿತ್ಯ ಕೃತಿಗಳ ಸಾಲಿಗೆ ಸೇರಿಸಿತು. ಪ್ರೋಗ್ರಾಂ ಕೆಲಸ ಮಾಡುವ ರೀತಿಯನ್ನು ಗಮನಿಸಿ ಅಭ್ಯಸಿಸುವುದು ಅಪರಾಧವಲ್ಲ ಎಂದು 1999ರ ತಿದ್ದುಪಡಿ ಸ್ಪಷ್ಟಪಡಿಸಿತು. ಕಲಿಯುವವರ ಪಾಲಿಗೆ ಇದು ಬಹುಮುಖ್ಯ ಅವಕಾಶ. ಪೇಟೆಂಟ್ ವಿಷಯದಲ್ಲಿ ದೇಶ ಬೇರೆ ನಿಲುವು ತಳೆದಿದೆ. ಪ್ರೋಗ್ರಾಂ ತಾನೇ ತಾನಾಗಿ ಪೇಟೆಂಟಿಗೆ ಅರ್ಹವಲ್ಲ ಎನ್ನುತ್ತದೆ ಪೇಟೆಂಟ್ ಕಾಯ್ದೆಯ 3(ಕೆ) ಕಲಂ. 2004ರ ಡಿಸೆಂಬರಿನ ಸುಗ್ರೀವಾಜ್ಞೆ ಇದನ್ನು ಸಡಿಲಿಸಿತ್ತು. 2005ರ ಕಾಯ್ದೆಯಲ್ಲಿ ಆ ಸಡಿಲಿಕೆ ಕೈಬಿಟ್ಟುಹೋಯಿತು.

2015ರ ಆಗಸ್ಟಿನಲ್ಲಿ ಪೇಟೆಂಟ್ ಕಚೇರಿ ಹೊರಡಿಸಿದ ಮಾರ್ಗಸೂಚಿ ಈ ಚರ್ಚೆಯನ್ನು ಮತ್ತೆ ಕೆರಳಿಸಿತು. ಸ್ವತಂತ್ರ ತಂತ್ರಾಂಶ ಚಳವಳಿಯವರ ಜತೆಗೆ ಬೆಂಗಳೂರಿನ ಐಸ್ಪಿರ್ಟ್‌ನಂಥ ಉದ್ಯಮ ಚಿಂತಕರ ಕೂಟವೂ ಅದನ್ನು ವಿರೋಧಿಸಿತು. 1976ರಲ್ಲಿ ಎದುರುಬದುರಾಗಿ ನಿಂತಿದ್ದ ಎರಡು ಮನೋಧರ್ಮಗಳು, ಮಾರುವವರದು ಮತ್ತು ಹಂಚುವವರದು, ಇಲ್ಲಿ ಒಂದೇ ಅರ್ಜಿಯ ಹಿಂದೆ ನಿಂತವು. ದೊಡ್ಡ ಪೇಟೆಂಟ್ ಭಂಡಾರವುಳ್ಳ ಕಂಪನಿಗಳ ಎದುರು ಸಣ್ಣ ಉದ್ಯಮಿ ಮತ್ತು ಹವ್ಯಾಸಿ ಇಬ್ಬರೂ ಅಷ್ಟೇ ದುರ್ಬಲರಾಗಿದ್ದದ್ದು ಇದಕ್ಕೆ ಕಾರಣ. ಡಿಸೆಂಬರಿನಲ್ಲಿ ಮಾರ್ಗಸೂಚಿಗೆ ತಡೆ ಬಿತ್ತು. 2016ರ ಫೆಬ್ರುವರಿಯ ಪರಿಷ್ಕೃತ ರೂಪ ಹೊಸತನವುಳ್ಳ ಯಂತ್ರಾಂಶ ಜತೆಗಿರಬೇಕೆಂದು ಷರತ್ತು ಹಾಕಿತು. 2017ರ ಜೂನ್‌ನಲ್ಲಿ ಆ ಷರತ್ತನ್ನು ತೆಗೆದುಹಾಕಲಾಯಿತು. ಈಗ 3(ಕೆ) ಕಲಮಿನ ವ್ಯಾಪ್ತಿ ಪ್ರಕರಣದಿಂದ ಪ್ರಕರಣಕ್ಕೆ ಪೇಟೆಂಟ್ ಪರೀಕ್ಷಕರ ಮತ್ತು ಉಚ್ಚ ನ್ಯಾಯಾಲಯಗಳ ವ್ಯಾಖ್ಯಾನದಲ್ಲಿ ನಿರ್ಧಾರವಾಗುತ್ತಿದೆ.